ಅಮ್ಮನ ಕ್ರಿಯಾಟಿನಿನ್ 1.4, ಮಂಡಿನೋವಿನ ಮಾತ್ರೆ ಮುಂದುವರಿಸಬಹುದಾ?

ಅಡ್ಮಿನ್: ನಮ್ಮ ಗ್ರೂಪಿನ ಕಿಡ್ನಿ ಡಾಕ್ಟರ್ ಇವತ್ತು ರಾತ್ರಿ ಒಂಬತ್ತರವರೆಗೆ ಇರುತ್ತಾರೆ. ರಿಪೋರ್ಟಿನಲ್ಲಿ ಕಿಡ್ನಿ ಸ್ವಲ್ಪ ವೀಕ್ ಅಂತ ಬಂದವರು ಕೇಳಿ. ವಯಸ್ಸು, ಬಿಪಿ, ಶುಗರ್, ನುಂಗುತ್ತಿರುವ ಮಾತ್ರೆ ಎಲ್ಲಾ ಬರೆಯಿರಿ.

ಹಾಸನ: ಗಂಡಸು, 52. ಶುಗರ್ ಇದೆ. ಕ್ರಿಯಾಟಿನಿನ್ 1.2, ಇಜಿಎಫ್‌ಆರ್ 73. ಕಿಡ್ನಿ ಫೇಲ್ ಶುರುವಾಯ್ತಾ ಸರ್?

ಡಾಕ್ಟರ್: ಇಲ್ಲ. ಕ್ರಿಯಾಟಿನಿನ್ ಅಂದರೆ ಕಿಡ್ನಿ ರಕ್ತದಿಂದ ಸೋಸಿ ಹೊರಹಾಕುವ ಕಸ, ಇಜಿಎಫ್‌ಆರ್ ಅಂದರೆ ಕಿಡ್ನಿ ಎಷ್ಟು ಸೋಸುತ್ತಿದೆ ಅನ್ನುವ ಅಂದಾಜು. ಆದರೆ ಶುಗರ್ ಇರುವವರಿಗೆ ಬರೀ ರಕ್ತದ ಪರೀಕ್ಷೆ ಸಾಲದು. ಮೂತ್ರದ ಎಸಿಆರ್ ಮಾಡಿಸಿ, ಆಲ್ಬುಮಿನ್ ಅನ್ನುವ ಪ್ರೋಟೀನ್ ಸೋರುತ್ತಿದೆಯಾ ಅಂತ ಅದರಲ್ಲಿ ಗೊತ್ತಾಗುತ್ತದೆ. 30ರ ಒಳಗಿದ್ದರೆ ವರ್ಷಕ್ಕೊಮ್ಮೆ ನೋಡಿದರೆ ಸಾಕು. ದಾಟಿದ್ದರೆ ಮೂರು ತಿಂಗಳಲ್ಲಿ ಮತ್ತೆ ನೋಡಿ. ಆಗಲೂ ಹಾಗೇ ಇದ್ದರೆ, ಇಜಿಎಫ್‌ಆರ್ 73 ಇದ್ದರೂ ಅದು ಕಿಡ್ನಿ ಕಾಯಿಲೆಯೇ.

ತುಮಕೂರು: ನನಗೂ 1.2 ಇದೆ. ಫೇಲ್ ಆಗುತ್ತಾ?

ಡಾಕ್ಟರ್: ಹಾಸನದವರಿಗೆ ಬರೆದಿದ್ದನ್ನು ಓದಿ.

ಪುತ್ತೂರು: ಅಮ್ಮನಿಗೆ 68. ಬಿಪಿಗೆ ಟೆಲ್ಮಿಸಾರ್ಟಾನ್ ಮತ್ತು ಹೈಡ್ರೋಕ್ಲೋರೋಥಯಜೈಡ್ ಸೇರಿದ ಒಂದೇ ಮಾತ್ರೆ. ಮಂಡಿನೋವಿಗೆ ಮೆಡಿಕಲ್ ಶಾಪಿನಿಂದ ಡೈಕ್ಲೋಫೆನಾಕ್ ತಂದು ದಿನಾ ಎರಡು ನುಂಗುತ್ತಾರೆ. ಕ್ರಿಯಾಟಿನಿನ್ ಹೋದ ವರ್ಷ 0.9, ಮೂರು ತಿಂಗಳ ಹಿಂದೆ 1.1, ನಿನ್ನೆ 1.4. ಲ್ಯಾಬಿನವರು ಸ್ವಲ್ಪ ಜಾಸ್ತಿ ಅಷ್ಟೇ ಅಂದರು. ಕೊಲೆಸ್ಟ್ರಾಲಿಗೆ ಒಳ್ಳೇದು ಅಂತ ವಾಟ್ಸಾಪಿನಲ್ಲಿ ಬಂದಿತ್ತು, ಅದಕ್ಕೆ ಒಂದು ವಾರದಿಂದ ಬಿಂಬುಳಿ ಅನ್ನುವ ಹುಳಿಕಾಯಿಯ ಜ್ಯೂಸ್ ಕುಡಿಯುತ್ತಿದ್ದಾರೆ. ಮಾತ್ರೆ ಮುಂದುವರಿಸಬಹುದಾ?

ಡಾಕ್ಟರ್: ಡೈಕ್ಲೋಫೆನಾಕ್ ಬೇಡ, ಈಗಲೇ ನಿಲ್ಲಿಸಿ. ಜ್ಯೂಸೂ ಬೇಡ.

ಸ್ವಲ್ಪ ವಿವರವಾಗಿ ಹೇಳುತ್ತೇನೆ. ಕ್ರಿಯಾಟಿನಿನ್ ಬರುವುದು ಸ್ನಾಯುಗಳಿಂದ. ವಯಸ್ಸಾದ ಹೆಂಗಸರಿಗೆ ಸ್ನಾಯು ಕಮ್ಮಿ, ಹಾಗಾಗಿ ಅವರಿಗೆ 1.1 ಅಂದರೆ ನಾರ್ಮಲ್ ಅಲ್ಲ. ನಿಮ್ಮ ಅಮ್ಮನ ಲೆಕ್ಕ ಹಾಕಿದರೆ ಇಜಿಎಫ್‌ಆರ್ ಹೋದ ವರ್ಷ 70, ಆಮೇಲೆ 55, ಈಗ 41. ಇದು ಸ್ವಲ್ಪ ಅಲ್ಲ. ನೋವಿನ ಮಾತ್ರೆ ಕಿಡ್ನಿಗೆ ರಕ್ತ ತರುವ ಸಣ್ಣ ನಾಳವನ್ನು ಬಿಗಿ ಮಾಡುತ್ತದೆ. ಟೆಲ್ಮಿಸಾರ್ಟಾನ್ ಹೊರಹೋಗುವ ನಾಳವನ್ನು ಸಡಿಲಿಸುತ್ತದೆ. ಜೊತೆಗಿರುವ ಇನ್ನೊಂದು ಔಷಧಿ ಮೈಯಿಂದ ಉಪ್ಪು, ನೀರು ಹೊರಹಾಕುತ್ತದೆ. ಮೂರೂ ಸೇರಿದಾಗ ಸೋಸುವ ಜಾಗದಲ್ಲಿ ಒತ್ತಡವೇ ಉಳಿಯುವುದಿಲ್ಲ. ಬಿಪಿ ಮಾತ್ರೆ ಕೆಟ್ಟದ್ದು ಅಂತ ಅರ್ಥ ಮಾಡಿಕೊಳ್ಳಬೇಡಿ. ಟೆಲ್ಮಿಸಾರ್ಟಾನ್ ಕಿಡ್ನಿಯನ್ನೂ ಹೃದಯವನ್ನೂ ಕಾಪಾಡುವ ಔಷಧಿ, ಅದರ ಜೊತೆ ಡೈಕ್ಲೋಫೆನಾಕ್ ಸೇರಿದ್ದೇ ತೊಂದರೆ.

ಬಿಂಬುಳಿಯಲ್ಲಿ ಆಕ್ಸಲೇಟ್ ತುಂಬಾ ಜಾಸ್ತಿ. ಅದು ಹರಳಾಗಿ ಕಿಡ್ನಿಯ ಕೊಳವೆಗಳಲ್ಲಿ ಕೂರುತ್ತದೆ. ಈ ಜ್ಯೂಸ್ ಕುಡಿದು ಕಿಡ್ನಿ ಕೆಟ್ಟ 10 ಜನರ ವಿವರವನ್ನು ಕೇರಳದ ವೈದ್ಯರು 2013ರಲ್ಲೇ ಪ್ರಕಟಿಸಿದ್ದಾರೆ. 7 ಜನರಿಗೆ ಡಯಾಲಿಸಿಸ್ ಬೇಕಾಯಿತು.

ಈಗ ಹೇಳಿ: ವಾಂತಿ ಇದೆಯಾ? ಮೂತ್ರ ಸರಿಯಾಗಿ ಹೋಗುತ್ತಿದೆಯಾ? ಕಾಲು ಊದಿದೆಯಾ?

ಕುಂದಾಪುರ: ಬಿಂಬುಳಿ ನಾವು ಚಿಕ್ಕಂದಿನಿಂದ ತಿಂದವರು. ಸಾರಿಗೆ, ಉಪ್ಪಿನಕಾಯಿಗೆ ಎಲ್ಲದಕ್ಕೂ ಹಾಕುತ್ತೇವೆ. ಯಾರಿಗೂ ಏನೂ ಆಗಿಲ್ಲ. ಸುಮ್ನೆ ಹೆದರಿಸಬೇಡಿ.

ಡಾಕ್ಟರ್: ಸಾರಿಗೆ ನಾಲ್ಕು ಕಾಯಿ ಹಾಕುವುದು ಬೇರೆ, ಖಾಲಿ ಹೊಟ್ಟೆಗೆ ಲೋಟಗಟ್ಟಲೆ ರಸ ಕುಡಿಯುವುದು ಬೇರೆ.

ದಾವಣಗೆರೆ: ನಮ್ಮ ಮಾವನಿಗೆ ಬಾಳೆದಿಂಡಿನ ರಸದಿಂದ 1.6 ಇದ್ದದ್ದು 1.2ಕ್ಕೆ ಬಂತು. ಇಂಗ್ಲಿಷ್ ಡಾಕ್ಟರುಗಳು ಇದನ್ನೆಲ್ಲ ಒಪ್ಪಲ್ಲ. ಫಾರ್ವರ್ಡ್ ಹಾಕಿದ್ದೇನೆ, ನೋಡಿ.

ಮೈಸೂರು: ಅವರು ಅದೇ ಟೈಮಿಗೆ ನೋವಿನ ಮಾತ್ರೆ ಬಿಟ್ಟಿರಬಹುದು ಅಲ್ವಾ?

ದಾವಣಗೆರೆ: ನಿಮಗೆ ನಮ್ಮ ಮಾವ ಗೊತ್ತಾ? ಗೊತ್ತಿಲ್ಲದಿದ್ದರೆ ಮಾತಾಡಬೇಡಿ.

ಮೈಸೂರು: ಗೊತ್ತಿಲ್ಲ. ಆದರೆ ನಿಮ್ಮ ಫಾರ್ವರ್ಡ್ ಓದಿ ಬೇರೆಯವರ ಮಾವ ಆಸ್ಪತ್ರೆ ಸೇರಿದರೆ ಯಾರು ಹೊಣೆ?

ಡಾಕ್ಟರ್: ಆ ಫಾರ್ವರ್ಡ್ ತೆಗೆಯಿರಿ. ಬಾಳೆದಿಂಡಿನಲ್ಲಿ ಪೊಟ್ಯಾಶಿಯಂ ಇದೆ. ಕಿಡ್ನಿ ವೀಕ್ ಇದ್ದು ಟೆಲ್ಮಿಸಾರ್ಟಾನ್ ಥರದ ಮಾತ್ರೆ ನುಂಗುವವರು ದಿನಾ ಆ ರಸ ಕುಡಿದರೆ ಪೊಟ್ಯಾಶಿಯಂ ಏರಿ ಎದೆಬಡಿತವೇ ತಪ್ಪಬಹುದು. ಪುತ್ತೂರಿನವರೇ, ನಾನು ಕೇಳಿದ್ದಕ್ಕೆ ಉತ್ತರ ಕೊಡಿ.

ಬೆಳಗಾವಿ: ಸರ್, ಯೂರಿಕ್ ಆಸಿಡ್ 7.8 ಇದೆ. ತೊಗರಿಬೇಳೆ ಬಿಡಬೇಕಾ?

ದುಬೈ: ಬಿಪಿಗೆ ಲೋ ಸೋಡಿಯಂ ಉಪ್ಪು ಬಳಸುತ್ತಿದ್ದೇನೆ. ಇಜಿಎಫ್‌ಆರ್ 50. ಪರವಾಗಿಲ್ವಾ?

ಡಾಕ್ಟರ್: ಬೇಡ. ಅದರಲ್ಲಿ ಸೋಡಿಯಂ ಬದಲು ಪೊಟ್ಯಾಶಿಯಂ ಕ್ಲೋರೈಡ್ ಇರುತ್ತದೆ. ಮಾಮೂಲಿ ಉಪ್ಪನ್ನೇ ಕಮ್ಮಿ ಮಾಡಿ. ಉಪ್ಪಿನಕಾಯಿ, ಹಪ್ಪಳ ಬಿಡಿ.

ತುಮಕೂರು: 1.2ಕ್ಕೆ ದಿನಾ ಐದು ಲೀಟರ್ ನೀರು ಕುಡಿದರೆ ಕಿಡ್ನಿ ಕ್ಲೀನ್ ಆಗುತ್ತಂತೆ, ಹೌದಾ?

ಡಾಕ್ಟರ್: ಇಲ್ಲ.

ಪುತ್ತೂರು: ಸರ್, ಅಮ್ಮನಿಗೆ ಊಟ ಕೊಡುವುದರಲ್ಲಿ ಲೇಟ್ ಆಯ್ತು. ನಿನ್ನೆಯಿಂದ ಮೂರ್ನಾಲ್ಕು ಸಲ ವಾಂತಿ ಆಗಿದೆ. ಬೆಳಗ್ಗೆ ಒಂದು ಸಲ ಮೂತ್ರಕ್ಕೆ ಹೋದವರು ಮತ್ತೆ ಹೋಗಿಲ್ಲ. ಗ್ಯಾಸ್ಟ್ರಿಕ್ ಅಂತ ಅಂದುಕೊಂಡಿದ್ದೆವು. ನಾಳೆ ಬೆಳಗ್ಗೆ ಕರೆದುಕೊಂಡು ಹೋದರೆ ಆಗುತ್ತಾ?

ಡಾಕ್ಟರ್: ಆಗುವುದಿಲ್ಲ. ಈಗಲೇ ಹೊರಡಿ. ಎಮರ್ಜೆನ್ಸಿ ಇರುವ, ಡಯಾಲಿಸಿಸ್ ಸೌಲಭ್ಯ ಇರುವ ಆಸ್ಪತ್ರೆಗೆ ಹೋಗಿ. ಕ್ರಿಯಾಟಿನಿನ್, ಪೊಟ್ಯಾಶಿಯಂ, ಇಸಿಜಿ ಇವತ್ತೇ ಆಗಬೇಕು. ಜ್ಯೂಸ್ ವಿಷಯವನ್ನು ಅಲ್ಲಿ ನೀವಾಗಿಯೇ ಹೇಳಬೇಕು, ಅವರು ಕೇಳದೇ ಇರಬಹುದು. ಡೈಕ್ಲೋಫೆನಾಕ್ ಸ್ಟ್ರಿಪ್ಪೂ ಬಿಪಿ ಮಾತ್ರೆಯ ಸ್ಟ್ರಿಪ್ಪೂ ಕೈಯಲ್ಲಿರಲಿ. ವಾಂತಿ ಇರುವಾಗ ಆ ಬಿಪಿ ಮಾತ್ರೆ ಕೊಡಬೇಡಿ, ಮತ್ತೆ ಯಾವಾಗ ಶುರು ಮಾಡಬೇಕು ಅಂತ ಅಲ್ಲಿನವರು ಹೇಳುತ್ತಾರೆ.

ಕುಂದಾಪುರ: ಒಂದು ವಾರದ ಜ್ಯೂಸಿಗೆ ಇಷ್ಟೆಲ್ಲಾ ಆಗುತ್ತಾ?

ಡಾಕ್ಟರ್: ಆಗುತ್ತದೆ. ಮೇಲೆ ಬರೆದಿದ್ದೇನೆ. ದಯವಿಟ್ಟು ಈಗ ವಾದ ಬೇಡ.

ದಾವಣಗೆರೆ: ಪ್ರಶ್ನೆ ಕೇಳಿದರೆ ವಾದವಾ? ಹೀಗಾದರೆ ಗ್ರೂಪ್ ಯಾಕೆ?

ಹಾಸನ: ಅಣ್ಣಾ, ಅವರ ಅಮ್ಮನಿಗೆ ಸೀರಿಯಸ್ ಇದೆ. ಸ್ವಲ್ಪ ಸುಮ್ಮನಿರಿ.

ದಾವಣಗೆರೆ: ನೀವು ಯಾರು ಹೇಳೋಕೆ?

ಅಡ್ಮಿನ್: ದಾವಣಗೆರೆಯವರ ಫಾರ್ವರ್ಡ್ ಡಿಲೀಟ್ ಮಾಡಿದ್ದೇನೆ. ಇನ್ನೊಂದು ಹಾಕಿದರೆ ಗ್ರೂಪಿನಿಂದ ತೆಗೆಯುತ್ತೇನೆ.

ಚಿತ್ರದುರ್ಗ: ಇಜಿಎಫ್‌ಆರ್ 58, ಎಸಿಆರ್ 45, ಶುಗರ್ ಇಲ್ಲ. ನನ್ನ ಡಾಕ್ಟರ್ ಡಪಾಗ್ಲಿಫ್ಲೋಜಿನ್ ಬರೆದಿದ್ದಾರೆ. ಅದು ಶುಗರ್ ಮಾತ್ರೆ ಅಲ್ವಾ?

ಡಾಕ್ಟರ್: ಶುಗರ್ ಇಲ್ಲದವರ ಕಿಡ್ನಿಗೂ ಕೊಡುತ್ತೇವೆ. ಜ್ವರ, ಭೇದಿ ಬಂದು ಊಟ ಸೇರದ ದಿನಗಳಲ್ಲಿ ನಿಲ್ಲಿಸಬೇಕು, ಕೇಳಿಟ್ಟುಕೊಳ್ಳಿ. ಕೊಲೆಸ್ಟ್ರಾಲ್ ಮಾತ್ರೆಯ ಬಗ್ಗೆಯೂ ಅವರನ್ನು ಕೇಳಿ. ನಿಮ್ಮ ಹಂತದಲ್ಲಿರುವ ಹೆಚ್ಚಿನವರು ಡಯಾಲಿಸಿಸ್‌ವರೆಗೆ ಹೋಗುವುದೇ ಇಲ್ಲ. ಅವರ ಜೀವಕ್ಕೆ ದೊಡ್ಡ ಅಪಾಯ ಹೃದಯದಿಂದ. ಬಿಪಿ, ಕೊಲೆಸ್ಟ್ರಾಲ್, ಬೀಡಿ ಸಿಗರೇಟು ಬಿಡುವುದು, ಇದೆಲ್ಲ ಕಿಡ್ನಿಯ ಚಿಕಿತ್ಸೆಯೇ. ಹೆಚ್ಚಿನವರು ಕ್ರಿಯಾಟಿನಿನ್ ಒಂದನ್ನೇ ನೋಡುತ್ತಾ ಕೂರುತ್ತಾರೆ.

ತುಮಕೂರು: ನನ್ನ 1.2ಕ್ಕೂ ಅದೇ ಮಾತ್ರೆ ಶುರು ಮಾಡಲಾ?

ಡಾಕ್ಟರ್: ಸ್ವಂತವಾಗಿ ಯಾವ ಮಾತ್ರೆಯನ್ನೂ ಶುರು ಮಾಡಬೇಡಿ. ಎಸಿಆರ್ ಮಾಡಿಸಿ. ಇದನ್ನು ಇನ್ನೊಂದು ಸಲ ಬರೆಯುವುದಿಲ್ಲ. ಪುತ್ತೂರಿನವರು ಹೊರಟರಾ?

ಪುತ್ತೂರು: ಕಾರಿನಲ್ಲಿದ್ದೇವೆ ಸರ್. ಮಂಗಳೂರಿಗೆ ಹೋಗುತ್ತಿದ್ದೇವೆ.

ಡಾಕ್ಟರ್: ಸರಿ. ಪೊಟ್ಯಾಶಿಯಂ ಎಷ್ಟು ಬಂತು ಅಂತ ನನಗೆ ಪ್ರತ್ಯೇಕ ಮೆಸೇಜ್ ಮಾಡಿ, ಎಷ್ಟು ಹೊತ್ತಾದರೂ ಪರವಾಗಿಲ್ಲ. ಉಳಿದವರಿಗೆ ಇವತ್ತು ಇಷ್ಟೇ.

ಬೆಳಗಾವಿ: ಸರ್, ನನ್ನ ಯೂರಿಕ್ ಆಸಿಡ್?