ಹೊರೈಜನ್ ಫಾರ್ಬಿಡನ್ ವೆಸ್ಟ್: ಯಂತ್ರಗಳು ಸಾಯೋದೇ ಇಲ್ಲವಲ್ಲ, ಪಿಸಿಗೆ ತಗೊಳ್ಳಬಹುದಾ?

ತುಂಗಾತೀರ:

ಹೊರೈಜನ್ ಸರಣಿಯ ಮೊದಲ ಆಟ ಜೀರೋ ಡಾನ್ ಪೂರ್ತಿ ಮುಗಿಸಿದ್ದೀನಿ, ಅದರ ಹೆಚ್ಚುವರಿ ಭಾಗ ಫ್ರೋಜನ್ ವೈಲ್ಡ್ಸ್ ಸಮೇತ. ಎರಡನೇ ಭಾಗ ಫಾರ್ಬಿಡನ್ ವೆಸ್ಟನ್ನ ಗೆಳೆಯನ ಪಿಎಸ್5ನಲ್ಲಿ ಡಾಂಟ್ ಕಣಿವೆ ದಾಟೋವರೆಗೆ ಆಡಿ ನೋಡಿದೆ. ಪಿಸಿ ಆವೃತ್ತಿ ತಗೊಳ್ಳೋ ಮೊದಲು ಕೆಲವು ಅನುಮಾನ.

ಮುಖ್ಯವಾದದ್ದು ಪ್ರಾಣಿಯಂಥ ಯಂತ್ರಗಳ ಜೊತೆಗಿನ ಕಾಳಗ. ಮೊದಲ ಭಾಗದಲ್ಲಿ ಹಗ್ಗ ಹಾರಿಸೋ ರೋಪ್‌ಕ್ಯಾಸ್ಟರ್‌ನಿಂದ ಕಟ್ಟಿಹಾಕಿ, ಮೂರು ಬಾಣ ಒಟ್ಟಿಗೆ ಹೂಡಿ ಬಿಟ್ಟರೆ ಮುಗೀತಿತ್ತು. ಇಲ್ಲಿ ಬಾಣ ಖಾಲಿ ಆದ್ರೂ ಯಂತ್ರದ ಆರೋಗ್ಯ ಪಟ್ಟಿ ಇಳಿಯೋದಿಲ್ಲ. ಬರೀ ಎಚ್‌ಪಿ (ಆರೋಗ್ಯದ ಅಂಕೆ) ಏರಿಸಿ ಕಷ್ಟ ಮಾಡಿದಾರಾ, ಇಲ್ಲಾ ಆಡೋ ರೀತಿಯೇ ಬೇರೆನಾ? ಆಮೇಲೆ ಕಥೆ ಮೊದಲನೇದರ ಮಟ್ಟಕ್ಕೆ ಇದೆಯಾ? ಗುಟ್ಟು ಬಿಡದೆ ಹೇಳಿ. ಲ್ಯಾಪ್‌ಟಾಪ್: ಜಿಟಿಎಕ್ಸ್ 1650 (4 ಜಿಬಿ), 8 ಜಿಬಿ ರ್‍ಯಾಮ್, 512 ಜಿಬಿ ಎಸ್‌ಎಸ್‌ಡಿ, 144 ಹರ್ಟ್ಸ್ ಪರದೆ.

ಬಿಲ್ಲುಗಾರ್ತಿ:

ಎಚ್‌ಪಿ ಏರಿಸಿರೋದು ನಿಜ, ಆದ್ರೆ ಅದೊಂದೇ ಕಾರಣ ಅಲ್ಲ. ಆಟ ಮಾಡಿದ ಗೆರಿಲ್ಲಾದವರು ಈ ಸಲ ಅದನ್ನ ಯಂತ್ರದ ಭಾಗ ಕಳಚೋದರ ಸುತ್ತ ಕಟ್ಟಿದಾರೆ. ಜೀರೋ ಡಾನ್‌ನಲ್ಲಿ ಅದು ಬೇಕಾದ್ರೆ ಮಾಡೋ ಕೆಲಸ, ಇಲ್ಲಿ ಅದೇ ಮೂಲ ಕೆಲಸ. ಮೈಮೇಲೆ ಎಲ್ಲೆಂದರಲ್ಲಿ ಬಾಣ ಬಿಡೋರಿಗೆ ಈ ಆಟ ಸ್ಪಂಜಿಗೆ ಗುದ್ದಿದ ಹಾಗೇ ಅನ್ನಿಸೋದು.

ಬಾಣದ ವಿವರದಲ್ಲಿ ಅಂಕೆಗಳನ್ನ ಬೇರೆ ಬೇರೆಯಾಗಿ ಓದಿ. ಇಂಪ್ಯಾಕ್ಟ್ ಅಂದ್ರೆ ಆರೋಗ್ಯ ಇಳಿಸೋ ಪೆಟ್ಟು. ಟಿಯರ್ ಅಂದ್ರೆ ಕವಚ, ತೋಪು, ಡಬ್ಬಿ ಕಿತ್ತು ಬೀಳಿಸೋ ಪೆಟ್ಟು. ಮೂರನೇದು ಎಲಿಮೆಂಟ್, ಅಂದ್ರೆ ಬೆಂಕಿ, ಹಿಮ, ಶಾಕ್ ಥರದ ಪರಿಣಾಮ. ಮೂರೂ ಚೆನ್ನಾಗಿರೋ ಬಾಣ ಸಿಗೋದಿಲ್ಲ, ಅದಕ್ಕೇ ಆಯುಧ ಚಕ್ರದಲ್ಲಿ ಒಂದೇ ಕೆಲಸದ ಎರಡು ಬಿಲ್ಲು ಇಟ್ಕೋಬೇಡಿ. ಕಳಚೋಕೆ ಒಂದು, ಎಲಿಮೆಂಟ್ ಹಚ್ಚೋಕೆ ಒಂದು, ಕೊಲ್ಲೋಕೆ ಒಂದು. ಶಾರ್ಪ್‌ಶಾಟ್ ಬಿಲ್ಲಿನ ಪ್ರಿಸಿಷನ್ ಬಾಣ ಕಳಚೋಕೆ ಒಳ್ಳೇದು, ಹಂಟರ್ ಬಿಲ್ಲು ಎಲಿಮೆಂಟ್‌ಗೆ. ಮೈಮೇಲೆ ಬಂದಾಗ ಹತ್ತಿರದಿಂದ ಹೊಡೆಯೋಕೆ ವಾರಿಯರ್ ಬಿಲ್ಲು.

ಕ್ರಮ ಹೀಗಿರಲಿ. ದೂರದಲ್ಲಿ ಹುಲ್ಲಿನಲ್ಲಿ ಕೂತು ಆರ್3 (ಕಂಟ್ರೋಲರಿನ ಬಲ ಸ್ಟಿಕ್) ಒತ್ತಿ ಹಿಡಿದು ಸ್ಕ್ಯಾನ್ ಸಾಧನ ಫೋಕಸ್‌ನಲ್ಲಿ ಸ್ಕ್ಯಾನ್ ಮಾಡಿ. ಡಿ-ಪ್ಯಾಡ್‌ನ ಎಡ-ಬಲ ಒತ್ತುತ್ತಾ ಹೋದ್ರೆ ಒಂದೊಂದೇ ಭಾಗ, ಅದರ ದೌರ್ಬಲ್ಯ ಬರುತ್ತೆ. ಬೇಕಾದ ಭಾಗವನ್ನ ಗುರುತು ಹಾಕಿಟ್ಟುಕೊಂಡ್ರೆ ಕಾಳಗದ ಗಲಾಟೆಯಲ್ಲೂ ಅದು ಹೊಳೀತಾ ಇರುತ್ತೆ. ಮೊದಲು ಅದು ನಿಮಗೆ ಹೊಡೆಯೋ ಆಯುಧವನ್ನ ಕೀಳಿ. ಥಂಡರ್‌ಜಾ ಅನ್ನೋ ದೊಡ್ಡ ಯಂತ್ರ ಆದ್ರೆ ಮೇಲಿನ ಎರಡು ಡಿಸ್ಕ್ ಲಾಂಚರ್. ಕೆಳಗೆ ಬಿದ್ದ ಲಾಂಚರನ್ನ ಎತ್ತಿಕೊಂಡು ಅದಕ್ಕೇ ಹೊಡೆದ್ರೆ ಅರ್ಧ ಕೆಲಸ ಮುಗೀತು. ಆಮೇಲೆ ಎಲಿಮೆಂಟ್, ಕೊನೆಗೆ ಇಂಪ್ಯಾಕ್ಟ್.

ಎಲಿಮೆಂಟ್‌ನಲ್ಲೇ ಹೆಚ್ಚು ಜನ ಎಡವೋದು. ಬಾಣ ತಾಗಿದ ಹಾಗೆ ಯಂತ್ರದ ಮೇಲೆ ಚಿಹ್ನೆ ತುಂಬ್ತಾ ಬರುತ್ತೆ. ತುಂಬಿದ ಮೇಲೂ ಅದೇ ಬಾಣ ಬಿಡ್ತಾ ಕೂತರೆ ದಂಡ, ಏಕೆಂದರೆ ಎಲಿಮೆಂಟ್ ಬಾಣದ ಇಂಪ್ಯಾಕ್ಟ್ ತೀರಾ ಕಮ್ಮಿ. ತುಂಬಿದ ಕೂಡಲೇ ಆಯುಧ ಬದಲಾಯಿಸಿ. ಫ್ರಾಸ್ಟ್ ತುಂಬಿದ್ರೆ ಬ್ರಿಟಲ್ ಸ್ಥಿತಿ: ಇಂಪ್ಯಾಕ್ಟ್ ಪೆಟ್ಟು ಜಾಸ್ತಿ ಬೀಳುತ್ತೆ, ಕೊಲ್ಲೋಕೆ ಇದೇ ಸಮಯ. ಶಾಕ್ ಆದ್ರೆ ಯಂತ್ರ ನೆಲಕ್ಕೆ ಬೀಳುತ್ತೆ, ಓಡಿಹೋಗಿ ಭರ್ಜಿಯಿಂದ ಕ್ರಿಟಿಕಲ್ ಸ್ಟ್ರೈಕ್. ಆಸಿಡ್ ಕವಚವನ್ನ ಸಡಿಲ ಮಾಡಿ ನಿಧಾನಕ್ಕೆ ಆರೋಗ್ಯ ತಿನ್ನುತ್ತೆ. ಪರ್ಜ್‌ವಾಟರ್ ಹಚ್ಚಿದ್ರೆ ಬೆಂಕಿ, ಹಿಮ ಉಗುಳೋ ಯಂತ್ರ ಸ್ವಲ್ಪ ಹೊತ್ತು ಅದನ್ನ ಉಗುಳೋಕೆ ಆಗದೆ ಮೈಮೇಲೆ ನುಗ್ಗೋದೊಂದೇ ಗತಿ. ಪ್ಲಾಸ್ಮಾ ನನಗೆ ಬಹಳ ಇಷ್ಟ: ಟೈಮರ್ ಓಡೋವಷ್ಟು ಹೊತ್ತು ನೀವು ಕೊಟ್ಟ ಪೆಟ್ಟೆಲ್ಲ ಕೂಡಿಟ್ಟು ಕೊನೆಯಲ್ಲಿ ಒಂದೇ ಸಲ ಸಿಡಿಯುತ್ತೆ.

ಡಬ್ಬಿಗಳಿಗೂ ಒಂದು ಲೆಕ್ಕ ಇದೆ. ಬ್ಲೇಜ್ ಡಬ್ಬಿಗೆ ಬೆಂಕಿ ಬಾಣ, ಚಿಲ್‌ವಾಟರ್ ಡಬ್ಬಿಗೆ ಫ್ರಾಸ್ಟ್ ಬಾಣ, ಸ್ಪಾರ್ಕರ್‌ಗೆ ಶಾಕ್ ಬಾಣ. ಅದರದ್ದೇ ಎಲಿಮೆಂಟ್ ತಾಗಿದ್ರೆ ಸ್ಫೋಟ, ಅಕ್ಕಪಕ್ಕದ ಯಂತ್ರಗಳಿಗೂ ಸೇರಿ. ಆದ್ರೆ ಸ್ಫೋಟ ಆದ ಡಬ್ಬಿ ಕೈಗೆ ಸಿಗೋದಿಲ್ಲ. ಸಾಮಾನು ಬೇಕಾದ್ರೆ ಟಿಯರ್‌ನಿಂದ ಕೀಳಬೇಕು.

ಮೂರು ಬಾಣ ಹೂಡೋ ಹಳೇ ಆಟ ಈಗ ಸ್ಟ್ಯಾಮಿನಾ ಕೇಳುತ್ತೆ. ಸ್ಪ್ರೆಡ್ ಶಾಟ್, ಬ್ರೇಸ್ಡ್ ಶಾಟ್ ಥರದ ಟೆಕ್ನಿಕ್‌ಗಳೆಲ್ಲ ಅದೇ ಹಳದಿ ಪಟ್ಟಿಯಿಂದ ಖರ್ಚಾಗೋದು. ಬ್ರಿಟಲ್ ಆಗೋವರೆಗೆ ಅದನ್ನ ಉಳಿಸಿಕೊಳ್ಳಿ. ಇನ್ನೊಂದು, ಗಾಬರಿಯಲ್ಲಿ ಡಾಡ್ಜ್ (ಪೆಟ್ಟು ತಪ್ಪಿಸೋ) ಬಟನ್ ಕುಟ್ಟಬೇಡಿ. ಮೇಲಿಂದ ಮೇಲೆ ಒತ್ತಿದ್ರೆ ನಾವು ಆಡಿಸೋ ನಾಯಕಿ ಏಲಾಯ್ ಮುಗ್ಗರಿಸಿ ನಿಲ್ತಾಳೆ, ಪೆಟ್ಟು ಬೀಳೋದು ಆಗಲೇ. ಒಂದು ಸಲ ತಪ್ಪಿಸಿ, ನಿಂತು, ನೋಡಿ.

ಮಲೆನಾಡು ಪಿಸಿ:

ಲ್ಯಾಪ್‌ಟಾಪ್ ವಿಷಯ ನಾನು ಹೇಳ್ತೀನಿ. ಅಧಿಕೃತ ಕನಿಷ್ಠ ಬೇಡಿಕೆ ಜಿಟಿಎಕ್ಸ್ 1650 4 ಜಿಬಿ, 16 ಜಿಬಿ ರ್‍ಯಾಮ್, 150 ಜಿಬಿ ಜಾಗ, ಅದೂ ಎಸ್‌ಎಸ್‌ಡಿ. ಈ ಕನಿಷ್ಠದಲ್ಲಿ ಅವರು ಲೆಕ್ಕ ಹಾಕಿರೋದು 720ಪಿ, ಸೆಕೆಂಡಿಗೆ 30 ಫ್ರೇಮ್, ವೆರಿ ಲೋ ಸೆಟ್ಟಿಂಗ್. 1080ಪಿ, 60 ಫ್ರೇಮ್, ಮೀಡಿಯಂಗೆ ಆರ್‌ಟಿಎಕ್ಸ್ 3060 ಕೇಳಿದಾರೆ. ಅಂದ್ರೆ ನಿಮ್ಮ ಕಾರ್ಡ್ ಹೊಸ್ತಿಲ ಮೇಲಿದೆ, ರ್‍ಯಾಮ್ ಹೊಸ್ತಿಲ ಹೊರಗಿದೆ.

8 ಜಿಬಿಯಲ್ಲಿ ಶುರು ಮಾಡೋ ಪ್ರಯತ್ನವೇ ಬೇಡ. ಆಟ ತೆರೆದರೂ ಮೆಮೊರಿಯಲ್ಲಿ ಹಿಡಿಯದ್ದನ್ನ ವಿಂಡೋಸ್ ಎಸ್‌ಎಸ್‌ಡಿಯ ಪೇಜ್ ಫೈಲ್‌ಗೆ ಎತ್ತಿ ಇಳಿಸ್ತಾ ಕೂರುತ್ತೆ, ಟಗರಿನ ಕೊಂಬಿನ ಸವಾರಿ ಯಂತ್ರ ಚಾರ್ಜರ್ ಮೇಲೆ ಓಡುವಾಗ ಸೆಕೆಂಡಿಗೊಮ್ಮೆ ಜರ್ಕ್. ಲ್ಯಾಪ್‌ಟಾಪ್‌ನಲ್ಲಿ ಇನ್ನೊಂದು ಸ್ಲಾಟ್ ಖಾಲಿ ಇದ್ರೆ ಈಗಿರೋದರ ವೇಗಕ್ಕೇ ಹೊಂದೋ ಇನ್ನೊಂದು 8 ಜಿಬಿ ಹಾಕಿಸಿ. ಒಂದೇ ಕಡ್ಡಿ ಇರೋದಕ್ಕಿಂತ ಎರಡು ಇದ್ದಾಗ ಡ್ಯುಯಲ್ ಚಾನೆಲ್ ಆಗಿ ಸಿಪಿಯುಗೂ ಅನುಕೂಲ. ಖರ್ಚು ಮಾಡೋದಿದ್ರೆ ಆಟಕ್ಕಿಂತ ಮೊದಲು ಇದಕ್ಕೆ ಮಾಡಿ.

ಸೆಟ್ಟಿಂಗ್: ಟೆಕ್ಸ್ಚರ್ ವಿ-ರ್‍ಯಾಮ್ (ಕಾರ್ಡಿನ ಮೆಮೊರಿ) ನೋಡಿ ಇಡಬೇಕಾದ್ದು, 4 ಜಿಬಿಗೆ ಲೋ ಅಥವಾ ವೆರಿ ಲೋ. ಇದನ್ನ ಏರಿಸಿದ್ರೆ ಸರಾಸರಿ ಫ್ರೇಮ್ ಮೊದಲಿಗೆ ಇಳಿಯೋದಿಲ್ಲ, ಅದಕ್ಕೇ ಜನ ಮೋಸಹೋಗ್ತಾರೆ. ಸ್ವಲ್ಪ ಹೊತ್ತು ಆಡಿದ ಮೇಲೆ ಮೆಮೊರಿ ತುಂಬಿ ಫ್ರೇಮ್ ಕುಸಿಯುತ್ತೆ. ಶ್ಯಾಡೋ, ಕ್ಲೌಡ್, ವಾಟರ್, ಹೇರ್ ಕ್ವಾಲಿಟಿ ಎಲ್ಲ ಲೋ. ಟೆಕ್ಸ್ಚರ್ ಫಿಲ್ಟರಿಂಗ್ ಮಾತ್ರ 8ಎಕ್ಸ್ ಇಟ್ಟರೂ ಅಷ್ಟೇನೂ ಭಾರ ಆಗಲ್ಲ, ನೆಲ ಚೆನ್ನಾಗಿ ಕಾಣುತ್ತೆ. ಸಣ್ಣ ಚಿತ್ರವನ್ನ ಹಿಗ್ಗಿಸಿ ಫ್ರೇಮ್ ಏರಿಸೋ ತಂತ್ರಗಳಲ್ಲಿ ಡಿಎಲ್‌ಎಸ್‌ಎಸ್ ಆರ್‌ಟಿಎಕ್ಸ್ ಕಾರ್ಡ್‌ಗಳಿಗೆ ಮಾತ್ರ, ನಿಮಗೆ ಎಫ್‌ಎಸ್‌ಆರ್. 1080ಪಿಗೆ ಪರ್ಫಾರ್ಮೆನ್ಸ್ ಮೋಡ್ ಹಾಕಿದ್ರೆ ಒಳಗೆ 960×540ರಲ್ಲಿ ಚಿತ್ರಿಸಿ ಹಿಗ್ಗಿಸುತ್ತೆ. ಹುಲ್ಲು, ಕೂದಲು ಮಿನುಗ್ತಾವೆ, ಅದನ್ನ ಸಹಿಸಬೇಕು.

30ಕ್ಕೆ ಲಾಕ್ ಮಾಡೋ ಮೊದಲು 40 ಹಿಡಿಯುತ್ತಾ ನೋಡಿ. 30 ಫ್ರೇಮ್ ಅಂದ್ರೆ ಫ್ರೇಮಿಗೆ 33.3 ಮಿಲಿಸೆಕೆಂಡ್, 60 ಅಂದ್ರೆ 16.7, 40 ಅಂದ್ರೆ 25. ಸಮಯದ ಲೆಕ್ಕದಲ್ಲಿ ಅದು ಸರಿಯಾಗಿ ನಡುವೆ ಬೀಳುತ್ತೆ. ಪರದೆಯನ್ನ 120 ಹರ್ಟ್ಸ್‌ಗೆ ಇಳಿಸಿ, 120ಕ್ಕೆ 40 ಸಮವಾಗಿ ಭಾಗ ಹೋಗುತ್ತೆ, 144ಕ್ಕೆ ಹೋಗಲ್ಲ. ಚಾರ್ಜರ್ ಹಾಕಿಯೇ ಆಡಿ, ಬ್ಯಾಟರಿಯಲ್ಲಿ ಕಾರ್ಡ್ ಅರ್ಧ ಶಕ್ತಿಗೆ ಇಳಿದುಬಿಡುತ್ತೆ.

ಪೋರ್ಟ್ (ಪಿಸಿಗೆ ತಂದ ಆವೃತ್ತಿ) ಮಾತ್ರ ಒಳ್ಳೇದು. 2024ರ ಮಾರ್ಚ್ 21ಕ್ಕೆ ಬಂದ ಕಂಪ್ಲೀಟ್ ಎಡಿಷನ್, ಮಾಡಿದ್ದು ನಿಕ್ಸೆಸ್ ಸ್ಟುಡಿಯೋ. 2020ರಲ್ಲಿ ಜೀರೋ ಡಾನ್ ಪಿಸಿಗೆ ಬಂದಾಗಿನ ಕ್ರ್ಯಾಶ್ ಪುರಾಣ ಇಲ್ಲಿಲ್ಲ. ಸ್ಟೀಮ್‌ನಲ್ಲಿ ತಗೊಂಡ್ರೆ 14 ದಿನದೊಳಗೆ, 2 ಗಂಟೆಗಿಂತ ಕಮ್ಮಿ ಆಡಿದ್ರೆ ದುಡ್ಡು ವಾಪಸ್ ಕೇಳಬಹುದು. ನೀವು ಒಮ್ಮೆ ಆಡಿರೋ ಭಾಗ ಆದ್ದರಿಂದ ಮಾತುಕತೆ ಸ್ಕಿಪ್ ಮಾಡ್ತಾ ಚೈನ್‌ಸ್ಕ್ರೇಪ್ ಊರಿನವರೆಗೆ ಹೋಗಿ. ಜನಜಂಗುಳಿ ಇರೋ ಜಾಗ, ಅಲ್ಲಿ ತಡೆದ್ರೆ ನಿಮ್ಮ ಸಿಪಿಯು ಉಳಿದ ಕಡೆಯೂ ತಡೆಯುತ್ತೆ ಅಂತ ಧೈರ್ಯ ಮಾಡಬಹುದು.

ಕಥೆಗಷ್ಟೇ:

ಕಥೆ ಮೊದಲನೆಯದರ ಮಟ್ಟಕ್ಕಿಲ್ಲ. ಜೀರೋ ಡಾನ್‌ಗೆ ಒಂದೇ ಪ್ರಶ್ನೆಯ ಬಲವಿತ್ತು: ಹಳೆಯ ಜಗತ್ತಿಗೆ ಏನಾಯಿತು? ಆ ಕಾಲದ ವಿಜ್ಞಾನಿ ಎಲಿಸಬೆಟ್ ಸೋಬೆಕ್‌ಳ ಧ್ವನಿಮುದ್ರಣಗಳನ್ನು ಒಂದೊಂದಾಗಿ ಕೇಳುತ್ತಾ ಉತ್ತರದ ಕಡೆ ಜಾರುತ್ತಿದ್ದೆವು. ಉತ್ತರ ಗೊತ್ತಾದ ಮೇಲೆ ಬರುವ ಕಥೆಗೆ ಆ ಸೆಳೆತ ಹೇಗೆ ಬಂದೀತು? ಇಲ್ಲಿ ಬೆಳೆ ಕೊಲ್ಲುವ ಕೆಂಪು ರೋಗ, ಗಾಯಾ ಎಂಬ ಕೃತಕ ಬುದ್ಧಿಮತ್ತೆಯ ಬ್ಯಾಕಪ್ ಹುಡುಕುವ ಕೆಲಸ, ಅವಳ ಅಂಗಗಳಂತಿದ್ದ ಉಪವ್ಯವಸ್ಥೆಗಳನ್ನು ಮರಳಿ ತರುವ ಕೆಲಸ. ಅಂದರೆ ರಹಸ್ಯದ ಜಾಗದಲ್ಲಿ ಕೆಲಸದ ಪಟ್ಟಿ ಬಂದಿದೆ.

ಖಳರು ತೆಳು. ಅವರ ತಂತ್ರಜ್ಞಾನ ದೊಡ್ಡದು, ಮಾತು ಸಪ್ಪೆ. ಬಂಡಾಯದ ನಾಯಕಿ ರೆಗಾಲಾಗೆ ಆಂಜೆಲಾ ಬ್ಯಾಸೆಟ್ ಧ್ವನಿ ಕೊಟ್ಟಿದ್ದಾರೆ, ಎದುರಿಗೆ ನಿಂತಾಗ ಪರದೆ ತುಂಬುತ್ತಾಳೆ, ಆದರೆ ಮುಖ್ಯ ಕಥೆ ಅವಳನ್ನು ಗಂಟೆಗಟ್ಟಲೆ ಮರೆತುಬಿಡುತ್ತದೆ. ಸೈಲೆನ್ಸ್ ಎಂಬ ಪಾತ್ರದಲ್ಲಿ ಲ್ಯಾನ್ಸ್ ರೆಡ್ಡಿಕ್ ಮಾತ್ರ ಮತ್ತೆ ಗೆದ್ದಿದ್ದಾರೆ. ಅವರು 2023ರ ಮಾರ್ಚ್‌ನಲ್ಲಿ ತೀರಿಕೊಂಡರು.

ಇದು ಮೊದಲನೆಯದನ್ನು ಮೀರಿಸಿರುವುದು ಬುಡಕಟ್ಟುಗಳಲ್ಲಿ, ಅಡ್ಡಕಥೆಗಳಲ್ಲಿ. ಉಟಾರು ಜನ ಹೊಲ ಉಳುವ ಯಂತ್ರಗಳನ್ನೇ ಭೂದೇವರೆಂದು ನಂಬಿದವರು. ಆ ದೇವರು ಮುನಿದಾಗ ಅವರು ಏನು ಮಾಡುತ್ತಾರೆ ಎಂಬುದನ್ನು ಆಟ ಅವಸರವಿಲ್ಲದೆ ತೋರಿಸುತ್ತದೆ. ಟೆನಾಕ್ತ್ ಬುಡಕಟ್ಟಿನಲ್ಲಿ ಮೂರು ಪಂಗಡ, ಬೆಟ್ಟ, ಮರಳುಗಾಡು, ತಗ್ಗುನಾಡು. ಮೈಮೇಲಿನ ಬಣ್ಣದಿಂದ ಹಿಡಿದು ಮಾತಿನ ಗತ್ತಿನವರೆಗೆ ಬೇರೆ ಬೇರೆ. ಒಂದು ತೋಳು ಕಳೆದುಕೊಂಡ ಕೊಟಾಲೋನ ಅಡ್ಡಕಥೆಯನ್ನು ಬಿಡಬೇಡಿ. ಜೀರೋ ಡಾನ್‌ನಲ್ಲಿ ಅಡ್ಡಕಥೆ ಕೊಡುವವರು ಗೊಂಬೆಯ ಹಾಗೆ ನಿಂತು ಮಾತಾಡುತ್ತಿದ್ದರಲ್ಲ, ಇಲ್ಲಿ ಕಣ್ಣು, ತುಟಿ, ಕೈ ಎಲ್ಲಕ್ಕೂ ಜೀವ ಇದೆ.

ಏಲಾಯ್ ತನ್ನಷ್ಟಕ್ಕೆ ತಾನೇ ವಟಗುಟ್ಟುವುದು ಮಾತ್ರ ತಲೆನೋವು. ಒಗಟು ನೋಡುವ ಮೊದಲೇ ಉತ್ತರ ಹೇಳಿಬಿಡುತ್ತಾಳೆ. ಚೀಲ ತುಂಬಿದಾಗಲೆಲ್ಲ ಸಾಮಾನು ಸ್ಟ್ಯಾಶ್‌ಗೆ (ಉಗ್ರಾಣಕ್ಕೆ) ಹೋಯಿತು ಅನ್ನುವುದನ್ನು ಪ್ಯಾಚ್‌ನಲ್ಲಿ ಕಡಿಮೆ ಮಾಡಿದ್ದಾರೆ, ಪುಣ್ಯ.

ತುಂಗಾತೀರ:

ಎಲ್ಲರಿಗೂ ಥ್ಯಾಂಕ್ಸ್. ರ್‍ಯಾಮ್ ಮೊದಲು, ಆಟ ಆಮೇಲೆ. ಬಿಲ್ಲುಗಾರ್ತಿ ಅವರೇ, ಆಯುಧ ಅಪ್‌ಗ್ರೇಡ್‌ಗೆ ಬಾಲ, ದಂತ ಅಂತೆಲ್ಲ ಕೇಳುತ್ತಲ್ಲ, ಯಂತ್ರ ಕೊಂದ ಮೇಲೆ ಹುಡುಕಿದ್ರೆ ಸಿಗೋದೇ ಇಲ್ಲ. ಅದೃಷ್ಟದ ಆಟನಾ? ಇದರ ಹೆಚ್ಚುವರಿ ಭಾಗ ಬರ್ನಿಂಗ್ ಶೋರ್ಸ್ ಬೇರೆ ತಗೋಬೇಕಾ?

ಹುಬ್ಬಳ್ಳಿ ಕಂಟ್ರೋಲರ್:

ಪಿಸಿ ಕಂಪ್ಲೀಟ್ ಎಡಿಷನ್‌ದಾಗ ಬರ್ನಿಂಗ್ ಶೋರ್ಸ್ ಸೇರೇ ಬರ್ತದ್ರಿ, ಬ್ಯಾರೆ ರೊಕ್ಕ ಕೊಡೂದಿಲ್ಲ. ಮುಖ್ಯ ಕಥಿ ಮುಗಿಸಿದ ಮ್ಯಾಲೇ ತೆರೀತದ. ಲಾಸ್ ಏಂಜಲೀಸ್ ಮುಳುಗಿ ದ್ವೀಪ ಆಗಿರೋ ಜಾಗ, ಲೆವೆಲ್ ಮಿತಿ 50 ಇದ್ದದ್ದು 60 ಆಗ್ತದ. ಕನ್ಸೋಲ್‌ದಾಗ ಅದು ಪಿಎಸ್5ಕ್ಕಷ್ಟೇ, ಪಿಎಸ್4ಕ್ಕ ಬರಲೇ ಇಲ್ಲ.

ಇನ್ನೊಂದು ಮಾತು. ನಡುವೆ ಗಾಯಾಳ ಮೂರು ಕೆಲಸ ಒಮ್ಮೆಲೇ ತೆರೀತಾವ, ಯಾವುದು ಬೇಕಾದ್ರೂ ಮೊದಲು ಮಾಡಬಹುದು. ‘ದ ಸೀ ಆಫ್ ಸ್ಯಾಂಡ್ಸ್’ ಮೊದಲು ಮಾಡ್ರಿ. ಲಾಸ್ ವೇಗಸ್ಸಿನ ಅವಶೇಷದಾಗ ನಡೀತದ, ಆಟದಾಗಿನ ಭಾಳ ಛಂದ ಜಾಗ ಅದು. ಅಲ್ಲಿ ಡೈವಿಂಗ್ ಮಾಸ್ಕ್ ಸಿಗ್ತದ. ಅದಿಲ್ಲಂದ್ರ ನೀರಾಗ ಉಸಿರು ಕಟ್ಟಿಕೊಂಡು ಮೇಲ-ಕೆಳಗ ಮಾಡೂದ ಆಗ್ತದ. ಮಿಣುಕೋ ಫೈರ್‌ಗ್ಲೀಮ್ ಹರಳು, ಲೋಹದ ಹೂವು ದಾರಿಗೆ ಅಡ್ಡ ಬಂದ್ರ ತಲಿ ಕೆಡಿಸ್ಕೋಬ್ಯಾಡ್ರಿ, ಕಥಿ ಮುಂದ ಹೋದಾಗ ಅದರ ಸಾಧನ ತಾನೇ ಬರ್ತದ.

ಬಿಲ್ಲುಗಾರ್ತಿ:

ಬಾಲ, ದಂತದ ವಿಷಯ ಅದೃಷ್ಟ ಅಲ್ಲ. ಕೆಲವು ಭಾಗಗಳನ್ನ ಯಂತ್ರ ಜೀವಂತ ಇದ್ದಾಗಲೇ ಕೀಳಬೇಕು, ಸತ್ತ ಕ್ಷಣ ಅವು ಹಾಳಾಗುತ್ತವೆ. ಸ್ಕ್ಯಾನ್ ಮಾಡಿದಾಗ ಆ ಭಾಗದ ವಿವರದಲ್ಲೇ ಬರೆದಿರುತ್ತೆ, ಓದದೆ ಬಾಣ ಬಿಡೋದ್ರಿಂದ ಗೊತ್ತಾಗಲ್ಲ. ಹಾಗಾಗಿ ವರ್ಕ್‌ಬೆಂಚ್‌ನಲ್ಲಿ ಆಯುಧದ ಮೇಲೆ ಜಾಬ್ ಸೃಷ್ಟಿಸಿ, ಬೇಕಾದ ಸಾಮಾನು ಕ್ವೆಸ್ಟ್ ಥರ ಪಟ್ಟಿಯಲ್ಲಿ ಕೂರುತ್ತೆ, ಯಂತ್ರ ಇರೋ ಜಾಗ ನಕ್ಷೆಯಲ್ಲಿ ಬರುತ್ತೆ. ಏಪೆಕ್ಸ್ (ಯಂತ್ರದ ಬಲಿಷ್ಠ ರೂಪ) ಹೃದಯ ಕೇಳಿದ್ರೆ ರಾತ್ರಿ ಹೋಗಿ. ಕ್ಯಾಂಪ್‌ಫೈರ್ ಹತ್ತಿರ ಸಮಯ ಬದಲಾಯಿಸೋ ಆಶ್ರಯಗಳಿವೆ, ಕಪ್ಪು ಕವಚದ ಏಪೆಕ್ಸ್ ಯಂತ್ರಗಳು ಕತ್ತಲಾದ ಮೇಲೇ ಹೆಚ್ಚು.

ಕೆಳಗಿನ ಹಸಿರು ದರ್ಜೆ ಆಯುಧಕ್ಕೆ ಸಾಮಾನು ಸುರಿಯಬೇಡಿ. ನೀಲಿಯನ್ನ ಒಂದೆರಡು ಹಂತ ಏರಿಸಿ, ಉಳಿದದ್ದು ನೇರಳೆಗೆ ಇಟ್ಟುಕೊಳ್ಳಿ.

ಇಷ್ಟೆಲ್ಲ ಬೇಟೆ ಬೇಸರ ಅನ್ನಿಸಿದ್ರೆ ಡಿಫಿಕಲ್ಟಿಯಲ್ಲಿ ಕಸ್ಟಮ್ ಆರಿಸಿ. ಅಲ್ಲಿ ಶತ್ರುವಿನ ಆರೋಗ್ಯ ಬೇರೆ, ಏಲಾಯ್‌ಗೆ ಬೀಳೋ ಪೆಟ್ಟು ಬೇರೆ ಹೊಂದಿಸಬಹುದು. ಈಸಿ ಲೂಟ್ ಆನ್ ಮಾಡಿದ್ರೆ ಕೀಳದೆ ಬಿಟ್ಟ ಭಾಗವೂ ಹೆಣದಲ್ಲೇ ಸಿಗುತ್ತೆ. ಶತ್ರುವಿನ ಆರೋಗ್ಯ ಒಂದು ಹಂತ ಇಳಿಸಿ, ಏಲಾಯ್‌ಗೆ ಬೀಳೋ ಪೆಟ್ಟು ಹಾರ್ಡ್ ಮಟ್ಟದಲ್ಲೇ ಬಿಟ್ಟು ನೋಡಿ. ಕಾಳಗ ಚುರುಕಾಗುತ್ತೆ, ಅಪಾಯ ಉಳಿಯುತ್ತೆ. ಈಸಿ ಲೂಟ್ ಮಾತ್ರ ನೇರಳೆ ಆಯುಧ ಕೈಗೆ ಬರೋವರೆಗೆ ಆಫ್ ಇರಲಿ. ಅದನ್ನ ಮೊದಲೇ ಹಾಕಿಕೊಂಡ್ರೆ ಬಾಲಕ್ಕೆ ಗುರಿಯಿಡೋ ಅಭ್ಯಾಸವೇ ಆಗಲ್ಲ, ಮುಂದೆ ಸ್ಲಾಟರ್‌ಸ್ಪೈನ್ ಅನ್ನೋ ದೈತ್ಯ ಯಂತ್ರ ಎದುರಾದಾಗ ಮತ್ತೆ ಇದೇ ಪ್ರಶ್ನೆ ಹಾಕ್ತೀರ.