ಇಂದಾಪುರದ ಜಮೀನಿನಲ್ಲಿ ಪೈಪ್‌ಲೈನ್: ಸಮ್ಮತಿಪತ್ರಕ್ಕೆ ಸಹಿ ಹಾಕುವ ಮುನ್ನ ಏನು ಕೇಳಬೇಕು?

ಪ್ರಶ್ನೆ: ಭೀಮಾತೀರದವ, ಹಡಪಸರ್

ಮಾನ್ಯರೇ, ನನ್ನ ತಂದೆಯವರು ಇಂಡಿ ತಾಲೂಕಿನಿಂದ ನೌಕರಿಗೆಂದು ಪುಣೆಗೆ ಬಂದವರು. ನಿವೃತ್ತಿಗೆ ಕೆಲವು ವರ್ಷ ಮೊದಲು ಇಂದಾಪುರ ತಾಲೂಕಿನಲ್ಲಿ ಮೂರೂವರೆ ಎಕರೆ ಜಮೀನು ಕೊಂಡಿದ್ದರು. ಅವರು ತೀರಿಕೊಂಡ ಮೇಲೆ ಸಾತ್‌ಬಾರಾ ಉತಾರದಲ್ಲಿ (ಇಲ್ಲಿನ ಪಹಣಿಯಲ್ಲಿ) ತಾಯಿಯವರ, ನನ್ನ ಮತ್ತು ತಂಗಿಯ ಹೆಸರುಗಳು ಬಂದಿವೆ. ಎರಡು ಎಕರೆಯಲ್ಲಿ ಕಬ್ಬು, ಉಳಿದದ್ದರಲ್ಲಿ ದಾಳಿಂಬೆ ಇದೆ. ಅದೇ ಊರಿನವರೊಬ್ಬರು ಪಾಲಿಗೆ ಮಾಡುತ್ತಿದ್ದಾರೆ.

ಕಳೆದ ತಿಂಗಳು ಕೆಲವರು ಬಂದು ಕಬ್ಬಿನೊಳಗೆ ದಾರಿ ಮಾಡಿಕೊಂಡು ಕೆಂಪು ಬಾವುಟದ ಗೂಟಗಳನ್ನು ನೆಟ್ಟು ಹೋದರೆಂದು ಪಾಲುದಾರರು ಫೋನಿನಲ್ಲಿ ತಿಳಿಸಿದರು. ಹೋದ ವಾರ ಇಂಧನ ಕಂಪನಿಯೊಂದರ ಪ್ರತಿನಿಧಿಯೆಂದು ಹೇಳಿಕೊಂಡ ಒಬ್ಬರು ನಮ್ಮ ಮನೆಗೇ ಬಂದು ಮರಾಠಿಯಲ್ಲಿ ಅಚ್ಚಾದ ಒಂದು ಸಮ್ಮತಿಪತ್ರವನ್ನು ಮುಂದಿಟ್ಟರು. ಅದರಲ್ಲಿ ಕೊಳವೆ ಹಾಯುವ ನೆಲದ ಪಟ್ಟಿಯ ಅಗಲ, ಉದ್ದ, ಹಣದ ಮೊತ್ತ ಮೂರೂ ಖಾಲಿ ಇವೆ. ಈ ವಾರವೇ ಸಹಿ ಹಾಕಿದರೆ ಒಳ್ಳೆಯ ದರ ಸಿಗುತ್ತದೆ, ಇಲ್ಲವಾದರೆ ಸರ್ಕಾರ ಹೇಗೂ ತೆಗೆದುಕೊಳ್ಳುತ್ತದೆ, ಆಗ ಸಿಗುವುದು ಕಡಿಮೆ ಎಂಬುದು ಅವರ ಮಾತು. ತಲಾಠಿಯವರನ್ನು (ಗ್ರಾಮ ಲೆಕ್ಕಿಗರನ್ನು) ವಿಚಾರಿಸಿದಾಗ ಗೆಜೆಟ್ ಅಧಿಸೂಚನೆಯ ಪ್ರತಿ ಚಾವಡಿಗೆ ಬಂದು ಒಂಬತ್ತು ದಿನಗಳಾದವು ಎಂದರು.

ಗೂಟಗಳು ಹೊಲವನ್ನು ನಡುವೆ ಓರೆಯಾಗಿ ಸೀಳಿಕೊಂಡು ಹೋಗುತ್ತವೆ. ಮುಂದಿನ ವರ್ಷ ಬಾವಿ ತೋಡಬೇಕೆಂದು ನಾವು ಗುರುತು ಮಾಡಿದ್ದ ಜಾಗವೂ ಅದೇ ಸಾಲಿನಲ್ಲಿದೆ. ಇದು ಈಸ್‌ಮೆಂಟ್ ಹಕ್ಕೇ? ನಾವು ಒಲ್ಲೆವೆನ್ನಬಹುದೇ? ಒಲ್ಲೆವೆನ್ನಲಾಗದಿದ್ದರೆ ಯಾವುದನ್ನು ಕೇಳುವುದು ಸರಿ, ಯಾವುದನ್ನು ಕೇಳಿ ಪ್ರಯೋಜನವಿಲ್ಲ? ಬಲ್ಲವರು ದಯವಿಟ್ಟು ತಿಳಿಸಬೇಕು.

ಉತ್ತರ 1: ಸಿವಿಲ್ ವಕೀಲ, ಡೊಂಬಿವಲಿ

ಮೊದಲು ಪದವನ್ನು ಬಿಡಿಸಿಕೊಳ್ಳೋಣ, ಏಕೆಂದರೆ ಇಡೀ ಚೌಕಾಸಿ ಅದರ ಮೇಲೆ ನಿಂತಿದೆ. 1882ರ ಈಸ್‌ಮೆಂಟ್ ಕಾಯಿದೆ ಹೇಳುವ ಅನುಭೋಗದ ಹಕ್ಕು ಒಂದು ಜಮೀನಿನ ಒಡೆಯನಿಗೆ ಇನ್ನೊಬ್ಬನ ಜಮೀನಿನ ಮೇಲಿರುವ ಹಕ್ಕು. ನೆರೆಯವರ ಬಾವಿಯ ನೀರು ತಮ್ಮ ಹೊಲ ದಾಟಿ ಅವರ ಹೊಲಕ್ಕೆ ಹೋಗುವುದು ಅಂಥದ್ದು. ಪೆಟ್ರೋಲ್, ಡೀಸೆಲ್, ಅನಿಲ ಸಾಗಿಸುವ ಕೊಳವೆಗಳು ಬರುವುದು ಸಾಮಾನ್ಯವಾಗಿ ಬೇರೆ ಬಾಗಿಲಿನಿಂದ, ಅಂದರೆ 1962ರ ಪೆಟ್ರೋಲಿಯಂ ಮತ್ತು ಖನಿಜ ಕೊಳವೆಮಾರ್ಗಗಳ ಕಾಯಿದೆಯಿಂದ. ಅದರಡಿ ಭೂಮಿಯ ಒಡೆತನ ತಮ್ಮಲ್ಲಿಯೇ ಉಳಿಯುತ್ತದೆ. ನೆಲದಡಿಯಲ್ಲಿ ಕೊಳವೆ ಹಾಕುವ ಬಳಕೆಯ ಹಕ್ಕನ್ನು ಮಾತ್ರ ಸರ್ಕಾರ ವಶಪಡಿಸಿಕೊಂಡು ಕಂಪನಿಗೆ ಒಪ್ಪಿಸಬಹುದು. ಕಂಪನಿ ಖಾಸಗಿಯದಾದರೆ ಈ ಕಾಯಿದೆ ಅನ್ವಯಿಸದೆಂದು ಹಲವರು ನಂಬಿದ್ದಾರೆ, ಅದು ತಪ್ಪು. ನೋಡಬೇಕಾದದ್ದು ಕಂಪನಿಯ ಜಾತಕವನ್ನಲ್ಲ, ತಮ್ಮ ಗಟ್ ನಂಬರ್, ಅಂದರೆ ಜಮೀನಿನ ಸರ್ವೆ ನಂಬರ್, ಅಧಿಸೂಚನೆಯಲ್ಲಿದೆಯೇ ಎಂಬುದನ್ನು. ಅದರಲ್ಲಿ ಇಲ್ಲವಾದರೆ ಆ ಪ್ರತಿನಿಧಿ ಬರೀ ಒಬ್ಬ ಗಿರಾಕಿ. ತಾವು ಬಾಗಿಲು ಹಾಕಿಕೊಂಡರೆ ಅವರು ಏನೂ ಮಾಡಲಾರರು.

ಇದೆ ಎಂದಿಟ್ಟುಕೊಂಡು ಮುಂದಿನದನ್ನು ಹೇಳುತ್ತೇನೆ. ಚಾವಡಿಗೆ ಬಂದಿರುವುದು 3ನೆಯ ಕಲಮಿನ ಅಧಿಸೂಚನೆಯಾಗಿರಬೇಕು. ಅದು ಹಕ್ಕನ್ನು ಪಡೆಯುವ ಇಂಗಿತವನ್ನಷ್ಟೇ ಸಾರುತ್ತದೆ. 5ನೆಯ ಕಲಮಿನಂತೆ 21 ದಿನಗಳೊಳಗೆ ಸಕ್ಷಮ ಪ್ರಾಧಿಕಾರಿಗೆ ಬರಹದಲ್ಲಿ ಆಕ್ಷೇಪಣೆ ಸಲ್ಲಿಸಬಹುದು, ಸಲ್ಲಿಸಿದವರನ್ನು ಅವರು ಖುದ್ದಾಗಿ ಅಥವಾ ವಕೀಲರ ಮೂಲಕ ಕೇಳಲೇಬೇಕು. ಆಮೇಲೆ 6ನೆಯ ಕಲಮಿನ ಘೋಷಣೆ ಹೊರಟಾಗಲೇ ಹಕ್ಕು ಕೈಬದಲಾಗುವುದು. ಮೊದಲ ಅಧಿಸೂಚನೆಯಿಂದ ಒಂದು ವರ್ಷದೊಳಗೆ ಆ ಘೋಷಣೆ ಬರದಿದ್ದರೆ ಅಧಿಸೂಚನೆಯೇ ಬಿದ್ದುಹೋಗುತ್ತದೆ. ದಿನಗಳನ್ನು ಗೆಜೆಟ್ಟಿನ ತಾರೀಖಿನಿಂದ ಎಣಿಸಬೇಕೋ, ಪ್ರತಿ ಸಾರ್ವಜನಿಕರಿಗೆ ಸಿಕ್ಕ ದಿನದಿಂದ ಎಣಿಸಬೇಕೋ ಎಂಬ ವಾದಕ್ಕೆ ಇಳಿಯಬೇಡಿ. ಇವೆರಡರಲ್ಲಿ ಯಾವುದು ಮೊದಲೋ ಅದರಿಂದ ಎಣಿಸಿ, ನಾಳೆಯೇ ಅರ್ಜಿ ಕೊಟ್ಟು ಪೋಚ್ (ಸ್ವೀಕೃತಿ) ಪಡೆದುಕೊಳ್ಳಿ.

ಪೂರಾ ಒಲ್ಲೆವೆನ್ನಬಹುದೇ ಎಂದು ಕೇಳಿದ್ದೀರಿ. ಬರೆಯಬಹುದು, ಆದರೆ ಅದರಿಂದ ಮಾರ್ಗ ನಿಲ್ಲುವುದು ಅಪರೂಪ. ತಮಿಳುನಾಡಿನಲ್ಲಿ ರಾಜ್ಯ ಸರ್ಕಾರವೇ ರೈತರ ಪರವಾಗಿ ನಿಂತು, ಅನಿಲ ಕೊಳವೆಯನ್ನು ಹೊಲಗಳ ಬದಲು ಹೆದ್ದಾರಿಯ ಬದಿಯಲ್ಲಿ ಹಾಕಿರೆಂದು ಆದೇಶಿಸಿತ್ತು. ಮದ್ರಾಸ್ ಹೈಕೋರ್ಟು 2013ರಲ್ಲಿ ಆ ಆದೇಶವನ್ನು ತೆಗೆದುಹಾಕಿತು, ಸುಪ್ರೀಂ ಕೋರ್ಟು 2016ರಲ್ಲಿ ಹೈಕೋರ್ಟಿನ ತೀರ್ಪನ್ನೇ ಎತ್ತಿಹಿಡಿಯಿತು. ಆದುದರಿಂದ ತಮ್ಮ ಆಕ್ಷೇಪಣೆ ಮಾರ್ಗವನ್ನು ತಡೆಯುವುದಕ್ಕಲ್ಲ, ಅದನ್ನು ಸರಿಸುವುದಕ್ಕೆ ಬಳಕೆಯಾಗಲಿ. ಓರೆಯಾಗಿ ಸೀಳುವ ಬದಲು ಬದುವಿನ ಗುಂಟ ತೆಗೆದುಕೊಂಡು ಹೋಗಬಹುದೆಂದು ನಕ್ಷೆ ಸಹಿತ ತೋರಿಸಿದರೆ ಕೇಳುವ ಕಿವಿಗಳಿವೆ. ಘೋಷಣೆಯಾದ ಮೇಲೆ ಆ ಕಿವಿಗಳು ಮುಚ್ಚುತ್ತವೆ.

ಬದುವಿಗೆ ಸರಿಸಿಕೊಳ್ಳುವುದು ಏಕೆ ಹಣಕ್ಕಿಂತ ದೊಡ್ಡದು ಎಂಬುದು 9ನೆಯ ಕಲಮನ್ನು ಓದಿದರೆ ತಿಳಿಯುತ್ತದೆ. ಘೋಷಣೆಯ ನಂತರ ಆ ಪಟ್ಟಿಯ ಮೇಲೆ ತಾವು ಮೊದಲಿನಂತೆ ಬೇಸಾಯ ಮಾಡಬಹುದು, ಆದರೆ ಕಟ್ಟಡ ಕಟ್ಟುವಂತಿಲ್ಲ, ಬಾವಿ, ಕೆರೆ ಅಥವಾ ಒಡ್ಡು ಮಾಡುವಂತಿಲ್ಲ, ಮರ ನೆಡುವಂತಿಲ್ಲ. ಈ ನಿರ್ಬಂಧಕ್ಕೆ ಕೊನೆಯ ತಾರೀಖು ಎಂಬುದಿಲ್ಲ. ಕಬ್ಬು ಮತ್ತೆ ಬರುತ್ತದೆ. ಬಾವಿಯ ಜಾಗವೂ ದಾಳಿಂಬೆಯ ಸಾಲೂ ಬರುವುದಿಲ್ಲ. ಮನೆಯಿದ್ದರೆ ಮಾತು ಬೇರೆಯಾಗುತ್ತಿತ್ತು, ಏಕೆಂದರೆ 7ನೆಯ ಕಲಮು ವಾಸದ ಜಾಗ, ಮನೆಗೆ ಹೊಂದಿದ ಅಂಗಳ, ಪಕ್ಕಾ ಕಟ್ಟಡವಿರುವ ನೆಲ ಇವುಗಳ ಕೆಳಗೆ ಕೊಳವೆ ಹಾಕುವುದನ್ನು ನಿಷೇಧಿಸುತ್ತದೆ. ಆದರೆ ಅವು ಅಧಿಸೂಚನೆಗೆ ಮೊದಲೇ ಇರಬೇಕು. ಈಗ ಅವಸರದಲ್ಲಿ ತಗಡಿನ ಶೆಡ್ಡು ನಿಲ್ಲಿಸಿದರೆ ಅದು ಯಾರ ಕಣ್ಣಿಗೂ ಮಣ್ಣೆರಚದು. ಕೊಳವೆ ಮೇಲ್ಮೈಯಿಂದ ಒಂದು ಮೀಟರಿಗಿಂತ ಕಡಿಮೆ ಆಳದಲ್ಲಿ ಇರಕೂಡದೆಂಬುದೂ ಅದೇ ಕಲಮಿನಲ್ಲಿದೆ. ಆಳವಾಗಿ ಉಳುವ ಹೊಲವಾದರೆ ಅದಕ್ಕಿಂತ ಹೆಚ್ಚು ಕೇಳಿ, ಬರೆಸಿಕೊಳ್ಳಿ.

ಇನ್ನು ಹಣ. 10ನೆಯ ಕಲಮಿನಲ್ಲಿ ಎರಡು ಬಗೆಯಿದೆ. ಬೆಳೆ, ಮರ, ಜಮೀನು ತಾತ್ಕಾಲಿಕವಾಗಿ ತುಂಡಾಗುವುದು, ಬೇರೆ ಆಸ್ತಿಗೆ ಅಥವಾ ಗಳಿಕೆಗೆ ಆಗುವ ಪೆಟ್ಟು, ಇವುಗಳ ನಷ್ಟ ಒಂದು. ಬಳಕೆಯ ಹಕ್ಕಿಗಾಗಿ, 3ನೆಯ ಕಲಮಿನ ಅಧಿಸೂಚನೆಯ ದಿನ ಇದ್ದ ಮಾರುಕಟ್ಟೆ ಬೆಲೆಯ ಶೇಕಡ 10 ಇನ್ನೊಂದು. ಬರೀ ಉದಾಹರಣೆಗೆ, ಪಟ್ಟಿ 20 ಮೀಟರ್ ಅಗಲ, 110 ಮೀಟರ್ ಉದ್ದವಿದ್ದರೆ 2,200 ಚದರ ಮೀಟರ್, ಅಂದರೆ ಸಾತ್‌ಬಾರಾದ ಲೆಕ್ಕದಲ್ಲಿ 22 ಆರ್, ನಮ್ಮ ಲೆಕ್ಕದಲ್ಲಿ 22 ಗುಂಟೆಗೆ ತುಸು ಕಡಿಮೆ. ಎಕರೆಗೆ 30 ಲಕ್ಷ ರೂಪಾಯಿ ಹಿಡಿದರೆ ಗುಂಟೆಗೆ 75,000. ಅದರ ಶೇಕಡ 10 ಎಂದರೆ 7,500. ಒಟ್ಟು ಸುಮಾರು 1.63 ಲಕ್ಷ. ಮೊತ್ತ ಸಣ್ಣದೆನಿಸಬಹುದು, ಆದರೆ ಅದು ಮೊದಲ ಬಗೆಯದನ್ನು ಬಿಟ್ಟ ಲೆಕ್ಕ. ದಾಳಿಂಬೆ ಗಿಡಕ್ಕೆ ಸೌದೆಯ ಬೆಲೆ ಕಟ್ಟಿ ಕೈತೊಳೆದುಕೊಳ್ಳಲು ಬಿಡಬೇಡಿ. ಆ ಪಟ್ಟಿಯಲ್ಲಿ ಅದನ್ನು ಮತ್ತೆ ನೆಡಲಾಗದ ಕಾರಣ, ಇನ್ನು ಎಷ್ಟು ವರ್ಷ ಫಲ ಕೊಡುತ್ತಿತ್ತು ಎಂಬುದೇ ಅಳತೆಯಾಗಬೇಕು. ಪ್ರಾಧಿಕಾರಿ ಗೊತ್ತುಪಡಿಸಿದ ಮೊತ್ತ ಒಪ್ಪಿಗೆಯಾಗದಿದ್ದರೆ ಜಿಲ್ಲಾ ನ್ಯಾಯಾಧೀಶರಲ್ಲಿ ಅರ್ಜಿ ಹಾಕಬಹುದು. ತಮ್ಮ ಮುಂದಿರುವ ಸಮ್ಮತಿಪತ್ರದಲ್ಲಿ "ಪೂರ್ಣ ಮತ್ತು ಅಂತಿಮ" ಎಂಬ ಅರ್ಥದ ಸಾಲೊಂದು ಇದೆಯೇ ನೋಡಿ. ಅಂಥ ಪತ್ರಗಳಲ್ಲಿ ಅದು ಸಾಮಾನ್ಯವಾಗಿ ಕೊನೆಯ ಪರಿಚ್ಛೇದದಲ್ಲಿ, ಸಹಿಯ ಜಾಗಕ್ಕೆ ಅಂಟಿಕೊಂಡೇ ಇರುತ್ತದೆ.

ಉತ್ತರ 2: ನಿವೃತ್ತ ಭೂಮಾಪಕ, ಚಿಂಚವಡ

ವಕೀಲರು ಕಾಗದದ ಮಾತು ಹೇಳಿದರು, ನಾನು ನೆಲದ ಮಾತು ಹೇಳುತ್ತೇನೆ. ಗೂಟಗಳನ್ನು ಕಿತ್ತುಹಾಕದೆ ಅವು ನಿಂತಿರುವ ಜಾಗದ ಫೋಟೋ ತೆಗೆಯಿರಿ, ಬದುವಿನಿಂದ ಟೇಪು ಹಿಡಿದು ಅಂತರ ಬರೆದಿಟ್ಟುಕೊಳ್ಳಿ. ಗೂಟ ಕಿತ್ತರೆ ತಪ್ಪು ತಮ್ಮದಾಗುತ್ತದೆ. ಬರೆದಿಟ್ಟರೆ ನಾಳೆ ಅದು ಹತ್ತು ಹೆಜ್ಜೆ ಸರಿದಾಗ ಕೇಳುವ ಬಾಯಿ ತಮ್ಮದಾಗುತ್ತದೆ. ಹದ್ದುಗಳ ಬಗ್ಗೆ ನೆರೆಯವರೊಡನೆ ತಂಟೆಯಿದ್ದರೆ ಈಗಲೇ ಸರ್ಕಾರಿ ಮೋಜಣಿಗೆ (ಅಳತೆಗೆ) ಅರ್ಜಿ ಹಾಕಿ, ಏಕೆಂದರೆ ಬದುವಿನ ಗುಂಟ ತೆಗೆದುಕೊಂಡು ಹೋಗಿರೆಂದು ಕೇಳುವವರು ಬದು ಯಾರದೆಂದು ಮೊದಲು ತೋರಿಸಬೇಕಾಗುತ್ತದೆ.

ಪಂಚನಾಮೆಯ ದಿನ ಪುಣೆಯಲ್ಲಿ ಕೂತು ಫೋನಿನಲ್ಲಿ ಕೇಳಿಸಿಕೊಳ್ಳಬೇಡಿ, ಖುದ್ದಾಗಿ ಹೋಗಿ. ಗಿಡಗಳ ಎಣಿಕೆ, ವಯಸ್ಸು, ಡ್ರಿಪ್ಪಿನ ನಳಿಕೆಗಳು, ನೆಲದೊಳಗಿನ ನೀರಿನ ಪೈಪು, ಬದುವಿನ ಮೇಲಿನ ಬೇವು, ಎಲ್ಲವೂ ಆ ಕಾಗದದಲ್ಲಿ ಬರಬೇಕು. ಅದರಲ್ಲಿ ಬರದದ್ದು ಹೊಲದಲ್ಲಿ ಇರಲೇ ಇಲ್ಲವೆಂದು ಲೆಕ್ಕ. ಪಾಲುದಾರರ ಹೆಸರನ್ನೂ ಬರೆಸಿ, ಏಕೆಂದರೆ ಬೆಳೆಯ ನಷ್ಟದಲ್ಲಿ ಅವರ ಪಾಲೂ ಇದೆ. ಅವರನ್ನು ಬಿಟ್ಟು ತಾವು ಮೂವರೇ ಹಣ ತೆಗೆದುಕೊಂಡರೆ ಕೊಳವೆಗಿಂತ ದೊಡ್ಡ ಬಿರುಕು ಊರಿನಲ್ಲಿ ಬೀಳುತ್ತದೆ. ಸರ್ವೆಯವರು ಕಬ್ಬು ಮುರಿದದ್ದಕ್ಕೂ ಪರಿಹಾರ ಕೇಳಬಹುದು, ಅದೂ ಅದೇ ಕಾಯಿದೆಯಲ್ಲಿದೆ.

ಎಲ್ಲಕ್ಕಿಂತ ಜನ ಮರೆಯುವುದು ಮಣ್ಣನ್ನು. ಆ ಭಾಗದ್ದು ಬಹುಪಾಲು ಎರೆಭೂಮಿ. ಕಂದಕ ತೋಡುವಾಗ ಮೇಲಿನ ಒಂದು ಮೊಳದ ಫಲವತ್ತಾದ ಮಣ್ಣನ್ನು ಬೇರೆ ಗುಡ್ಡೆ ಹಾಕದೆ, ಕೆಳಗಿನ ಮುರಮಿನೊಡನೆ ಕಲಸಿ ಮುಚ್ಚಿಬಿಟ್ಟರೆ ಆ ಪಟ್ಟಿಯಲ್ಲಿ ವರ್ಷಗಟ್ಟಲೆ ಬೆಳೆ ಕುಳ್ಳಾಗಿಯೇ ನಿಲ್ಲುತ್ತದೆ. ಹಳೆಯ ಮಾರ್ಗಗಳನ್ನು ನಾನು ಎಷ್ಟೋ ಬಾರಿ ನಕ್ಷೆ ನೋಡದೆ ಜೋಳದ ಎತ್ತರ ನೋಡಿಯೇ ಗುರುತಿಸಿದ್ದೇನೆ. ಮೇಲ್ಮಣ್ಣನ್ನು ಪ್ರತ್ಯೇಕವಾಗಿಟ್ಟು ಕೊನೆಗೆ ಹರಡಬೇಕು, ಕಡಿದ ಬದುವನ್ನು ಮತ್ತೆ ಕಟ್ಟಿಕೊಡಬೇಕು, ಮೊದಲ ಎರಡು ಮಳೆಗಾಲಗಳಲ್ಲಿ ಕಂದಕ ಕುಸಿದರೆ ಅವರೇ ಮಣ್ಣು ತುಂಬಬೇಕು ಎಂದು ಬರೆಸಿ. ಅಧಿಸೂಚನೆಯ ಅಗಲದ ಆಚೆ ಪೈಪು ಪೇರಿಸಲು, ಯಂತ್ರ ನಿಲ್ಲಿಸಲು ಜಾಗ ಬಳಸಿದರೆ ಅದಕ್ಕೆ ಬೇರೆ ಬಾಡಿಗೆ ಎಂಬುದೂ ಇರಲಿ.

ಉತ್ತರ 3: ವಾಘೋಲಿಯ ಓದುಗ

ನನ್ನದು ಇಂಧನದ ವಿಷಯವಲ್ಲ, ನೀರಿನದು. ಆದರೂ ಬಾಯಿಮಾತಿನ ಸಮ್ಮತಿ ಏನು ಮಾಡುತ್ತದೆಂದು ತಿಳಿಯಲು ಉಪಯೋಗವಾದೀತು. ನೆರೆಯ ಹೊಲದವರೊಬ್ಬರು ತಮ್ಮ ಬಾವಿಯಿಂದ ಪೈಪು ಎಳೆಯಲು ನಮ್ಮ ಹೊಲದಲ್ಲಿ ದಾರಿ ಕೇಳಿದಾಗ, ಒಂದು ಚಹಾದ ಮೇಲೆ ಹೂಂ ಎಂದುಬಿಟ್ಟೆ. ಹನ್ನೊಂದು ವರ್ಷಗಳ ನಂತರ ಆ ಜಾಗದಲ್ಲಿ ಗೋದಾಮು ಕಟ್ಟಲು ಹೊರಟು ಪೈಪನ್ನು ಸರಿಸಿರೆಂದಾಗ, ಅವರ ವಕೀಲರು ಈಸ್‌ಮೆಂಟ್ ಕಾಯಿದೆಯ 60ನೆಯ ಕಲಮನ್ನು ಮುಂದಿಟ್ಟರು. ಪರವಾನಗಿಯನ್ನು ನಂಬಿ ಒಬ್ಬರು ಖರ್ಚು ಮಾಡಿ ಶಾಶ್ವತ ಸ್ವರೂಪದ ಕೆಲಸ ಮಾಡಿದ್ದರೆ ಕೊಟ್ಟವರು ಆ ಪರವಾನಗಿಯನ್ನು ಹಿಂತೆಗೆದುಕೊಳ್ಳಲಾರರು ಎಂಬುದು ಅದರ ಸಾರ. ಗೋದಾಮು ಬೇರೆ ಮೂಲೆಗೆ ಹೋಯಿತು. ಈಗ ಯಾರೇ ಕೇಳಿದರೂ ಜಾಗ, ಅಗಲ, ಅವಧಿ, ಸ್ಥಳಾಂತರದ ಖರ್ಚು ಯಾರದು ಎಂಬುದನ್ನು ಛಾಪಾ ಕಾಗದದ ಮೇಲೆ ಬರೆಸಿಯೇ ಮಾತು ಮುಂದುವರಿಸುತ್ತೇನೆ. ನೀರಿಗಾದರೆ ಮಹಾರಾಷ್ಟ್ರ ಭೂಕಂದಾಯ ಸಂಹಿತೆಯ 49ನೆಯ ಕಲಮಿನಂತೆ ತಹಸೀಲ್ದಾರರಲ್ಲಿ ಅರ್ಜಿ ಹಾಕಿ ಬನ್ನಿ ಎಂದು ಕಳಿಸುವುದೂ ಉಂಟು.

ಉತ್ತರ 4: ಮಡಗಾಂವಿನಿಂದ

ದಾಭೋಳ್–ಬೆಂಗಳೂರು ಅನಿಲ ಮಾರ್ಗದ ಒಂದು ಕವಲು ಗೋವೆಗೂ ಬಂದಿದೆ. ಮುಖ್ಯ ಮಾರ್ಗ ನಮ್ಮ ಬೆಳಗಾವಿಯ ಕಡೆಯಿಂದಲೇ ಹೋಗುತ್ತದೆ. ಒಂದೇ ಒಂದು ಮಾತು ಸೇರಿಸುತ್ತೇನೆ. ಕೊಳವೆ ಹಾಕಿ ಮುಗಿದ ಮೇಲೆ ಹಕ್ಕಿನ ನೋಂದಣಿ ಸಾತ್‌ಬಾರಾದ "ಇತರ ಹಕ್ಕು" ಅಂಕಣದಲ್ಲಿ ಬರುತ್ತದೆ. ಅದು ಪಟ್ಟಿಯ ಕ್ಷೇತ್ರಕ್ಕಷ್ಟೇ ಸೀಮಿತವಾಗಿ ಬರೆಯಲ್ಪಟ್ಟಿದೆಯೇ, ಇಡೀ ಗಟ್ ನಂಬರಿಗೆ ಬಿದ್ದಿದೆಯೇ ನೋಡಿಕೊಳ್ಳಿ. ನಾಳೆ ತಂಗಿಯವರು ತಮ್ಮ ಪಾಲನ್ನು ಅಡವಿಟ್ಟು ಸಾಲ ಕೇಳಿದಾಗ ಬ್ಯಾಂಕಿನವರು ಮೊದಲು ಬೆರಳಿಡುವುದು ಆ ಅಂಕಣದ ಮೇಲೆ.

ಮರುನುಡಿ: ಭೀಮಾತೀರದವ, ಹಡಪಸರ್

ಎಲ್ಲರಿಗೂ ಕೃತಜ್ಞತೆಗಳು. ಅಧಿಸೂಚನೆಯ ಪ್ರತಿಯನ್ನು ಪಾಲುದಾರರಿಂದ ತರಿಸಿಕೊಂಡೆ. ನಮ್ಮ ಗಟ್ ನಂಬರ್ ಅದರಲ್ಲಿದೆ, ಕ್ಷೇತ್ರ 24 ಆರ್ ಎಂದಿದೆ. ಸಮ್ಮತಿಪತ್ರದ ಕೊನೆಯ ಪರಿಚ್ಛೇದದಲ್ಲಿ ವಕೀಲರು ಹೇಳಿದ ಸಾಲೂ ಇದೆ, ಅದೂ ಸಣ್ಣ ಅಕ್ಷರದಲ್ಲಿ. ತಾಯಿ ಮತ್ತು ತಂಗಿಯ ಸಹಿಯೊಡನೆ ಆಕ್ಷೇಪಣೆ ಸಿದ್ಧವಾಗಿದೆ: ಪೂರ್ವದ ಬದುವಿನ ಗುಂಟ ಬದಲಿ ದಾರಿಯ ನಕ್ಷೆಯನ್ನು ಲಗತ್ತಿಸಿದ್ದೇವೆ. ಒಂದು ಸಂದೇಹ ಉಳಿದಿದೆ. ಮಾರ್ಗ ಆ ಬದುವಿನ ಕಡೆಗೆ ಸರಿದರೆ ಆಚೆಯ ಹೊಲದವರೂ ಆಕ್ಷೇಪಿಸುವರಲ್ಲವೇ?

ಉತ್ತರ 5: ನಿವೃತ್ತ ಭೂಮಾಪಕ, ಚಿಂಚವಡ

ಖಂಡಿತ ಆಕ್ಷೇಪಿಸುತ್ತಾರೆ. ಅದಕ್ಕೇ ಅರ್ಜಿಯನ್ನು ಅಂಚೆಗೆ ಹಾಕುವ ಮೊದಲು ಅವರ ಕಟ್ಟೆಯ ಮೇಲೆ ಹೋಗಿ ಕೂತುಕೊಳ್ಳಿ. ಪಟ್ಟಿ ಬದುವಿನ ಈಚೆಗೆ, ಪೂರ್ತಿ ತಮ್ಮ ಹದ್ದಿನೊಳಗೇ ಬೀಳುವಂತೆ ನಕ್ಷೆಯನ್ನು ತಿದ್ದಿ, ಕ್ಷೇತ್ರ ಎರಡು ಆರ್ ಹೆಚ್ಚಾದರೂ ಚಿಂತೆಯಿಲ್ಲ. ಅವರ ಹೊಲದಲ್ಲಿ ಮಾರ್ಗ ಈಗಾಗಲೇ ಎಲ್ಲಿ ಪ್ರವೇಶಿಸುತ್ತದೆಯೋ ಆ ಬಿಂದುವನ್ನು ಮಾತ್ರ ಕದಲಿಸಬೇಡಿ.