ಎನ್ ಹಾಕೋದೋ, ಡಿಯಲ್ಲೇ ನಿಲ್ಲೋದೋ: ಮನೆ ಗುಂಪಿನ ಜಗಳ

ಕುಮಟಾ ಭಾವ: (ಫಾರ್ವರ್ಡ್) *ಆಟೋಮ್ಯಾಟಿಕ್ ಕಾರಿನವರ ಗಮನಕ್ಕೆ!!* ಟ್ರಾಫಿಕ್ಕಿನಲ್ಲಿ ನಿಂತಾಗಲೆಲ್ಲ ಡಿ (ಡ್ರೈವ್) ಬಿಟ್ಟು ಎನ್ (ನ್ಯೂಟ್ರಲ್) ಹಾಕಿ, ಗೇರ್‌ಬಾಕ್ಸ್ ಬಾಳಿಕೆ ಡಬಲ್. ಇಳಿಜಾರಿನಲ್ಲೂ ಎನ್ ಹಾಕಿ, ಪೆಟ್ರೋಲ್ ಉಳಿಸಿ. ಹತ್ತು ಜನರಿಗೆ ಕಳಿಸಿ 🙏

ಕುಮಟಾ ಭಾವ: ಹೊಸ ಕಾರು ತಗೊಂಡವ್ರು ಓದ್ಕೊಳ್ಳಿ ಹೇಳಿ ಹಾಕಿದ್ದು.

ಕಾರವಾರ ಅಕ್ಕ: ಭಾವ, ಇಳಿಜಾರಿನ ಸಾಲು ಮೊದ್ಲು ತೆಗೀರಿ. ದೇವಿಮನೆ ಘಟ್ಟದಲ್ಲಿ ಎನ್ ಹಾಕಿ ಇಳಿದ್ರೆ ಎಂಜಿನ್ ಹಿಡಿತ ಪೂರ್ತಿ ಹೋಗ್ತದೆ, ಭಾರ ಎಲ್ಲಾ ಬ್ರೇಕಿನ ಮೇಲೆ. ಪೆಟ್ರೋಲೂ ಉಳಿಯೂದಿಲ್ಲ. ಗೇರಿನಲ್ಲಿದ್ದು ಆಕ್ಸಿಲರೇಟರ್ ಬಿಟ್ರೆ ಚಕ್ರವೇ ಎಂಜಿನ್ ತಿರುಗಿಸ್ತದೆ, ಇಂಜೆಕ್ಟರ್ ಪೆಟ್ರೋಲ್ ಬಿಡೂದೇ ಇಲ್ಲ. ಎನ್‌ನಲ್ಲಿ ಆರಿಹೋಗದ ಹಾಗೆ ಕುಡೀತಾನೇ ಇರ್ಬೇಕು.

ಕುಮಟಾ ಭಾವ: ಅದು ಸರಿ ಇರ್ಬಹುದು. ಟ್ರಾಫಿಕ್ಕಿಂದು?

ಸಿರ್ಸಿ ಅಪ್ಪಚ್ಚಿ: ಯಾವ ಗೇರ್‌ಬಾಕ್ಸು ಹೇಳಿ ಕೇಳದೆ ಉತ್ತರ ಹೇಳೂಲೆ ಬರೂದಿಲ್ಲ. ಕೂಸೇ, ನಿಂದು ಯಾವ್ದು?

ನಾನು: ಎಎಂಟಿ. ಪಿ (ಪಾರ್ಕಿಂಗ್) ಇಲ್ಲ. ಆರ್ (ರಿವರ್ಸ್), ಎನ್, ಡಿ, ಎಂ (ಗೇರ್ ನಾವೇ ಬದಲಾಯ್ಸುವ ಮ್ಯಾನುವಲ್) ಅಷ್ಟೇ.

ಸಿರ್ಸಿ ಅಪ್ಪಚ್ಚಿ: ಹಾಗಾದ್ರೆ ಕೇಳು. ಎಎಂಟಿ ಅಂದ್ರೆ ಮಾಮೂಲಿ ಗೇರ್‌ಬಾಕ್ಸೇ, ಕ್ಲಚ್ ಒತ್ತುವ ಕಾಲು ಮಾತ್ರ ನಿಂದಲ್ಲ, ಯಂತ್ರದ್ದು. ನಿಂತು ಬ್ರೇಕ್ ಒತ್ತಿದ್ರೆ ಅದು ಕ್ಲಚ್ಚನ್ನ ಪೂರ್ತಿ ಬಿಡಿಸ್ತದೆ. ಡಿಯಲ್ಲೇ ಇದ್ರೂ ಸವೆತ ಇಲ್ಲ. ಎನ್ ಹಾಕಿ ಉಳಿಸೂದು ಎಂತದನ್ನ?

ಸಿರ್ಸಿ ಅಪ್ಪಚ್ಚಿ: ಸವೆಯೂದು ಬ್ರೇಕ್ ಬಿಟ್ಟು ಕಾರು ತಾನಾಗಿ ತೆವಳುವಾಗ. ಆಗ ಕ್ಲಚ್ಚು ಪೂರ್ತಿ ಕೂಡದೆ ಅರ್ಧಂಬರ್ಧ ಉಜ್ತಾ ಇರ್ತದೆ. ಜಾತ್ರೆ ಟೈಮಲ್ಲಿ ಸಿರ್ಸಿ ಬಿಡ್ಕಿಬೈಲಿನ ಹತ್ರ ಎದುರಿನವ ಒಂದು ಮೊಳ ಮುಂದೆ ಹೋದ ಹೇಳಿ ನೀನೂ ಒಂದು ಮೊಳ ಹೋಗೂದು, ಮತ್ತೆ ನಿಲ್ಲೂದು, ಹೀಗೆ ಮೂವತ್ತು ಸಲ ಆದ್ರೆ ಸುಟ್ಟ ವಾಸನೆ ಬಂತೇ ಸೈ. ಒಂದೂವರೆ ಕಾರಿನಷ್ಟು ಜಾಗ ಆಗೂವರೆಗೆ ನಿಲ್ಲು. ಆಮೇಲೆ ಆಕ್ಸಿಲರೇಟರ್ ಕೊಟ್ಟು ಒಂದೇ ಸಲಕ್ಕೆ ಹೋಗಿ ಪೂರ್ತಿ ನಿಲ್ಲು. ಹಿಂದಿನವ ಹಾರ್ನ್ ಹೊಡೀಲಿ, ಕ್ಲಚ್ ಪ್ಲೇಟ್ ದುಡ್ಡು ಅವ ಕೊಡೂದಿಲ್ಲ.

ಕಾರವಾರ ಅಕ್ಕ: ಡಿಸಿಟಿ ಹೇಳಿ ಎರಡು ಕ್ಲಚ್ಚಿನ ಗೇರ್‌ಬಾಕ್ಸ್ ಇರ್ತದಲ್ಲ, ಅದ್ರಲ್ಲಿ ಕ್ಲಚ್ಚು ಎಣ್ಣೆಯಲ್ಲಿ ಮುಳುಗದ ಒಣ ನಮೂನೆಯದ್ದಾದ್ರೆ ಅದಕ್ಕೂ ಇದೇ ಮಾತು. ನಂದು ಟಾರ್ಕ್ ಕನ್ವರ್ಟರ್, ಅದ್ರಲ್ಲಿ ಎಂಜಿನ್ನಿಗೂ ಗೇರಿಗೂ ನಡುವೆ ಇರೂದು ಎಣ್ಣೆ, ತೆವಳಿದ್ರೆ ತೊಂದ್ರೆ ಇಲ್ಲ. 2024ರ ಆಗಸ್ಟಲ್ಲಿ ಇಲ್ಲಿ ಕಾಳಿ ನದಿಯ ಹಳೇ ಸೇತುವೆ ಬಿದ್ಮೇಲೆ ಎರಡೂ ಕಡೆಯ ಗಾಡಿ ಒಂದೇ ಸೇತುವೆ ಮೇಲೆ ಬಂತಲ್ಲ, ಅಂಥಾ ಸಾಲಿನಲ್ಲೂ ಡಿ ಮತ್ತು ಬ್ರೇಕು ಅಷ್ಟೇ ಸಾಕು. ಗಳಿಗೆಗೊಂದ್ಸಲ ಎನ್‌–ಡಿ ಮಾಡಿದ್ರೆ ಗೇರ್‌ಬಾಕ್ಸಿನ ಒಳಗಿನ ಕ್ಲಚ್ಚು ಅಷ್ಟು ಸಲ ಕೂಡ್ಕೊಳ್ಬೇಕು. ಲಾಭ ಎಂತದೂ ಇಲ್ಲ.

ಕುಮಟಾ ಭಾವ: ಮಾವ, ಹಾಗಾದ್ರೆ ಎನ್ ಇಟ್ಟದ್ದು ಎಂತಕ್ಕೆ? ಧರೆ ಕುಸಿದು ಹೆದ್ದಾರಿ ನಿಂತ್ರೆ ಅರ್ಧ ಗಂಟೆ ಬ್ರೇಕ್ ಮೇಲೆ ಕಾಲಿಟ್ಟು ಕೂರೂದಾ? ಹಿಂದಿನ ಸೀಟಿಂದ ನೀರಿನ ಬಾಟ್ಲಿ ತೆಗೀಲಿಕ್ಕೆ ತಿರುಗಿದಾಗ ಕಾಲು ಸಡಿಲಾದ್ರೆ ಎದುರಿನ ಕಾರಿಗೆ ಗುದ್ದೂದೇ.

ಸಿರ್ಸಿ ಅಪ್ಪಚ್ಚಿ: ಈ ಮಾತು ಒಪ್ಪಿದೆ. ಎರಡು ನಿಮಿಷಕ್ಕಿಂತ ಜಾಸ್ತಿ ಹೇಳಿ ಕಂಡ್ರೆ ಹ್ಯಾಂಡ್‌ಬ್ರೇಕ್ ಎಳೆದು ಎನ್. ಅರ್ಧ ಗಂಟೆ ಆದ್ರೆ ಎಂಜಿನ್ನೇ ಆರ್ಸಿ. ಆದ್ರೆ ಎನ್‌ನಲ್ಲಿದ್ದದ್ದು ಮರ್ತು ಆಕ್ಸಿಲರೇಟರ್ ಒತ್ತಿ, ಎಂಜಿನ್ ಕೂಗುವಾಗ ಗಡಬಡಿಸಿ ಡಿಗೆ ಎಳೀತಾರಲ್ಲ, ಆ ಒಂದು ಏಟು ಡಿಯಲ್ಲಿ ಇಡೀ ದಿನ ನಿಂತದ್ದಕ್ಕಿಂತ ಕೆಟ್ಟದ್ದು. ಮೊದ್ಲು ಬ್ರೇಕ್, ಎಂಜಿನ್ ಕೂಗು ಇಳೀಲಿ, ಆಮೇಲೆ ಡಿ.

ನಾನು: ಏರಿನಲ್ಲಿ ನಿಂತ್ರೆ? ಹಿಂದೆ ಜಾರ್ತದೆ.

ಕಾರವಾರ ಅಕ್ಕ: ಆಕ್ಸಿಲರೇಟರ್ ಕೊಟ್ಟು ಹಿಡ್ದು ನಿಲ್ಸೂದೊಂದು ಮಾಡ್ಬೇಡ. ಎಎಂಟಿ ಕ್ಲಚ್ ಸಾಯೂದೇ ಅಲ್ಲಿ. ಹಿಲ್ ಹೋಲ್ಡ್ (ಏರಿನಲ್ಲಿ ಬ್ರೇಕ್ ತಾನೇ ಹಿಡಿದಿಡೂದು) ಇದ್ರೂ ಬ್ರೇಕಿಂದ ಕಾಲು ತೆಗೆದ್ಮೇಲೆ ಹಿಡಿಯೂದು ಸುಮಾರು ಎರಡು ಸೆಕೆಂಡ್. ಇಲ್ದಿದ್ರೆ ಹ್ಯಾಂಡ್‌ಬ್ರೇಕ್ ಎಳ್ಕೊ, ಡಿಯಲ್ಲಿ ನಿಧಾನ ಆಕ್ಸಿಲರೇಟರ್ ಕೊಡು, ಕಾರು ಮುಂದೆ ಜಗ್ಗಿದ್ದು ಸೀಟಿಗೆ ಗೊತ್ತಾಗ್ತದೆ, ಆಗ ಹ್ಯಾಂಡ್‌ಬ್ರೇಕ್ ಬಿಡು. ವಾಸನೆ ಬಂದೇ ಬಿಟ್ರೆ ಬದಿಗೆ ಹಾಕಿ ಹದಿನೈದು ನಿಮಿಷ ತಣಿಯೂಲೆ ಬಿಡು.

ಸಿರ್ಸಿ ಅಪ್ಪಚ್ಚಿ: ಘಟ್ಟ ಇಳಿಯುವಾಗ ಎಂ ಮಾಡಿ ಎರಡನೇ ಗೇರಿಗೆ ಹಾಕು. ಬ್ರೇಕ್ ಮೇಲೆ ಕಾಲು ಇಟ್ಕೊಂಡೇ ಇಳಿಯೂದಲ್ಲ, ಗಟ್ಟಿ ಒತ್ತಿ ವೇಗ ಇಳಿಸಿ ಪೂರ್ತಿ ಬಿಡೂದು. ಕಾಲು ಇಟ್ಟೇ ಇದ್ರೆ ಬ್ರೇಕ್ ಕಾದು ಅದರ ಎಣ್ಣೆ ಕುದೀಬಹುದು. ಬ್ರೇಕ್ ಎಣ್ಣೆ ಗಾಳಿಯಿಂದ ನೀರು ಎಳ್ಕೊಳ್ತದೆ. ಡಾಟ್ 4 ದರ್ಜೆಯ ಹೊಸ ಎಣ್ಣೆ ಕುದಿಯೂಲೆ ಕನಿಷ್ಠ 230 ಡಿಗ್ರಿ ಬೇಕು, ನೀರು ಸೇರಿದ್ರೆ 155ಕ್ಕೆ ಇಳಿಯಬಹುದು. ಎಣ್ಣೆ ಕುದಿದ್ರೆ ಪೆಡಲ್ ನೆಲಕ್ಕೇ ಹೋಗ್ತದೆ, ಬ್ರೇಕ್ ಹಿಡಿಯೂದಿಲ್ಲ. ಎರಡು ವರ್ಷಕ್ಕೊಮ್ಮೆ ಬದಲಾಯ್ಸು, ನಮ್ಮ ಮಳೆಗೆ ಅದು ಹೆಚ್ಚಲ್ಲ.

ನಾನು: ಪಿ ಇಲ್ವಲ್ಲ, ಪಾರ್ಕಿಂಗ್ ಹೇಗೆ?

ಕಾರವಾರ ಅಕ್ಕ: ಹ್ಯಾಂಡ್‌ಬ್ರೇಕ್ ಎಳ್ದು, ಬ್ರೇಕ್ ಒತ್ತಿಕೊಂಡೇ ಏರಿಗೆ ಮುಖ ಇದ್ರೆ ಡಿ, ಇಳುಕಲಿಗೆ ಮುಖ ಇದ್ರೆ ಆರ್ ಹಾಕಿ ಆರ್ಸು. ಪಿ ಇದ್ದವ್ರು ಎನ್‌ನಲ್ಲೇ ಹ್ಯಾಂಡ್‌ಬ್ರೇಕ್ ಎಳ್ದು, ಬ್ರೇಕ್ ಬಿಟ್ಟು ಭಾರ ಅದ್ರ ಮೇಲೆ ಕೂತ್ಮೇಲೆ ಪಿ ಹಾಕ್ಬೇಕು. ಇಲ್ದಿದ್ರೆ ಇಡೀ ಕಾರು ಒಳಗಿನ ಒಂದು ಸಣ್ಣ ಕೊಕ್ಕೆಗೆ ಜೋತುಬೀಳ್ತದೆ. ಬೆಳಿಗ್ಗೆ ಪಿಯಿಂದ ತೆಗೆಯುವಾಗ "ಟಕ್" ಅನ್ನೂದು ಅದೇ.

ಕುಮಟಾ ಭಾವ: ಆಯ್ತು, ಇಳಿಜಾರಿನ ಸಾಲು ತೆಗೆದು ಮತ್ತೆ ಹಾಕ್ತೆ. "ಒಂದು ನಿಮಿಷಕ್ಕಿಂತ ಜಾಸ್ತಿ ನಿಂತ್ರೆ ಎನ್" ಹೇಳಿ.

ಸಿರ್ಸಿ ಅಪ್ಪಚ್ಚಿ: ಎರಡು.

ಕುಮಟಾ ಭಾವ: ಒಂದು, ಮಾವ. ನಂಗೆ ಮಂಡಿ ನೋವು.